ಸೋಫಾ ಕೊಳ್ಳಲಿಲ್ಲ, ಟ್ರಂಕ್ ತೆಗೆದೆ: ಹಳೇ ಬಾಡಿಗೆ ಮನೆಗೆ ಕಳೆ ಬಂದ ಬಗೆ

ಮೈಸೂರಿನ ಸರಸ್ವತಿಪುರಂನಲ್ಲಿ ನಾವು ಬಾಡಿಗೆಗಿರುವ ಮನೆ ಹಳೇ ಕಾಲದ್ದು. ರೆಡ್ ಆಕ್ಸೈಡ್ ನೆಲ, ಗಾರೆ ಗೋಡೆ, ಗೋಡೆಯೊಳಗೆ ಗೂಡುಗಳು. ಬಂದ ಹೊಸದರಲ್ಲಿ ಈ ಮನೆ ಅಂದರೆ ನನಗೆ ಪ್ರಾಣ. 9 ವರ್ಷ ಕಳೆದ ಮೇಲೆ ಅದೇ ಹಾಲ್‌ನಲ್ಲಿ ಕೂತರೆ ಮಂಕು ಕವಿದ ಹಾಗೆ ಆಗುತ್ತಿತ್ತು. ಹಗಲು 11 ಗಂಟೆಗೂ ಟ್ಯೂಬ್‌ಲೈಟ್ ಬೇಕು. ಹೊಸ ಸೋಫಾ ತಗೊಳ್ಳೋಣ, ಮನೆಗೆಲ್ಲ ಬಣ್ಣ ಹೊಡೆಸೋಣ ಅಂತ ಲೆಕ್ಕ ಹಾಕಿದರೆ ಲಕ್ಷದ ಹತ್ತಿರ ಬಂತು. ಬಾಡಿಗೆ ಮನೆಗೆ ಅಷ್ಟು ಸುರಿಯೋದು ಸರಿ ಅನ್ನಿಸಲಿಲ್ಲ.

ಆಗ ಒಂದು ನಿರ್ಧಾರ ಮಾಡಿದೆ. ಮೊದಲು ಏನನ್ನೂ ಕೊಳ್ಳಬಾರದು, ಇರೋದನ್ನ ಹೊರಗೆ ತೆಗೆಯಬೇಕು.

ಒಂದು ಭಾನುವಾರ ಬೆಳಗ್ಗೆ ತಿಂಡಿ ಮುಗಿಸಿ ನಾನು, ನಮ್ಮ ಯಜಮಾನರು, ಮಗಳು ಮೂರೂ ಜನ ಸೇರಿ ಹಾಲ್‌ನಲ್ಲಿದ್ದ ಎಲ್ಲವನ್ನೂ ವರಾಂಡಕ್ಕೆ ಸಾಗಿಸಿದೆವು. ಎಲ್ಲವನ್ನೂ ಅಂದರೆ ಎಲ್ಲವನ್ನೂ. ಷೋಕೇಸಿನ ಗಾಜಿನ ಬಾತುಕೋಳಿ, ಮದುವೆಯಲ್ಲಿ ಬಂದ ಮೂರು ಗಡಿಯಾರ, ಕೆಟ್ಟ ಮಿಕ್ಸಿಯ ಡಬ್ಬ, ಹಳೇ ಕ್ಯಾಲೆಂಡರ್, ಕೊನೆಗೆ ಕಬ್ಬಿಣದ ಬೀರು. ಆ ಬೀರು ಎಳೆದ ಕ್ಷಣ ನಾವೆಲ್ಲ ಒಂದು ನಿಮಿಷ ಸುಮ್ಮನೆ ನಿಂತೆವು. ಪೂರ್ವದ ಕಿಟಕಿಯ ಅರ್ಧ ಭಾಗವನ್ನು ಅದೇ ಮುಚ್ಚಿಕೊಂಡಿತ್ತು. ಮನೆಗೆ ಬಂದ ದಿನ ಸಾಮಾನು ಇಳಿಸುವವರು ಎಲ್ಲಿ ಇಟ್ಟರೋ ಅಲ್ಲೇ ಇತ್ತು ಅದು, ಇಷ್ಟು ವರ್ಷ ಯಾರೂ ಕೇಳಲಿಲ್ಲ. ಈಗ ಬಿಸಿಲು ನೆಲದ ಮೇಲೆ ಬಿದ್ದು ಕೆಂಪು ನೆಲ ಹೊಳೆಯಿತು. ಮಗಳು ಅಲ್ಲೇ ಕೂತುಬಿಟ್ಟಳು.

ಹಾಗಾಗಿ ಯಾರಾದರೂ ಕೇಳಿದರೆ ನಾನು ಮೊದಲು ಹೇಳೋದು ಇದನ್ನೇ. ಕಿಟಕಿಗೆ ಏನು ಅಡ್ಡ ಇದೆ ನೋಡಿ. ಬೀರುವನ್ನು ಕತ್ತಲೆ ಗೋಡೆಗೆ ಸರಿಸಿ, ಕಿಟಕಿಯ ಎದುರು ಗೋಡೆಗೆ ಒಂದು ಕನ್ನಡಿ ಒರಗಿಸಿ. ದುಡ್ಡು ಖರ್ಚಿಲ್ಲ, ಬರೀ ಅರ್ಧ ದಿನದ ಕೆಲಸ. ಆದರೆ ಹಳೇ ಆಕ್ಸೈಡ್ ನೆಲದ ಮೇಲೆ ಬೀರು ಎಳೆಯುವಾಗ ಕಾಲುಗಳ ಕೆಳಗೆ ದಪ್ಪ ಗೋಣಿಚೀಲ ಹಾಕಿ, ಇಲ್ಲದಿದ್ದರೆ ಗೀರು ಬೀಳುತ್ತದೆ, ಅದನ್ನ ಸರಿಮಾಡುವ ಕೆಲಸಗಾರರು ಈಗ ಸಿಗೋದು ಕಷ್ಟ.

ರಾತ್ರಿ ಬೆಳಕಿನದು ಬೇರೆ ಕತೆ. ನಮ್ಮ ಮನೆಯಲ್ಲಿ ಎಲ್ಲ ಕಡೆ ಬಿಳೀ ಬೆಳಕಿನ ಬಲ್ಬ್ ಇತ್ತು. ಬಲ್ಬಿನ ಡಬ್ಬದ ಮೇಲೆ 6500ಕೆ ಅಂತ ಬರೆದಿದ್ದರೆ ಅದು ನೀಲಿಗೆ ತಿರುಗುವ ಬಿಳಿ, 2700ಕೆ ಅಥವಾ 3000ಕೆ ಇದ್ದರೆ ಹಳದಿ ಛಾಯೆ. ಕೆಂಪು ನೆಲ, ಮರದ ಬಾಗಿಲು ಇರುವ ಮನೆಗೆ ಬಿಳೀ ಬೆಳಕು ಒಗ್ಗೋದೇ ಇಲ್ಲ, ಎಲ್ಲ ಬಣ್ಣವೂ ಸತ್ತ ಹಾಗೆ ಕಾಣುತ್ತದೆ. ಟ್ಯೂಬ್‌ಲೈಟ್ ತೆಗೆಯಲಿಲ್ಲ, ಮಗಳು ಓದಬೇಕಲ್ವಾ. ಎರಡು ಮೂಲೆಯಲ್ಲಿ ಎರಡು ಹಳದಿ ಬಲ್ಬ್ ಹಾಕಿದೆ. ಓದು ಮುಗಿದ ಮೇಲೆ ಟ್ಯೂಬ್ ಆರಿಸಿ ಅವನ್ನು ಹಾಕಿದರೆ ಅದೇ ಹಾಲ್ ಬೇರೆ ಮನೆಯಂತೆ ಕಾಣುತ್ತದೆ.

ಇನ್ನು ಪರದೆ. ಮೊದಲಿದ್ದದ್ದು ದಪ್ಪ ಮೆರೂನ್ ಪಾಲಿಯೆಸ್ಟರ್, ಬಿಸಿಲಿಗೆ ಮಾಸಿ ಹೋಗಿತ್ತು. ಅಂಗಡಿಯಲ್ಲಿ ನೋಡಿದ ಯಾವುದೂ ಮನಸ್ಸಿಗೆ ಬರಲಿಲ್ಲ. ನಮ್ಮದು ಇಳಕಲ್ ಪಕ್ಕದ ಹುನಗುಂದದ ಕಡೆ ಊರು. ನನ್ನ ಟ್ರಂಕ್‌ನಲ್ಲಿ ಅವ್ವನ ಹಳೇ ಇಳಕಲ್ ಸೀರೆ ಒಂದಿತ್ತು. ಗಿಳಿ ಹಸಿರು ಒಡಲು, ಕೆಂಪು ದಡಿ, ಕೆಂಪು ರೇಷ್ಮೆ ಸೆರಗು. ಉಡುವ ಸ್ಥಿತಿಯಲ್ಲಿರಲಿಲ್ಲ, ಸೊಂಟದ ಭಾಗದಲ್ಲಿ ಎರಡು ಕಡೆ ಜಾಳಾಗಿತ್ತು. ಕತ್ತರಿ ಹಾಕಲು ಕೈ ಬರಲಿಲ್ಲ. ಫೋನ್ ಮಾಡಿ ಅವ್ವನನ್ನೇ ಕೇಳಿದೆ.

“ಉಡಾಕ ಬರೂದಿಲ್ಲ, ಟ್ರಂಕಿನ್ಯಾಗ ಇಟ್ಟು ಏನ್ ಪೂಜಿ ಮಾಡ್ತಿಯೇನ? ಕತ್ತರಿ ಹಾಕು. ಸೆರಗ ಅಷ್ಟ ಮುಟ್ಟಬ್ಯಾಡ” ಅಂದಳು.

ಸೆರಗು ಯಾಕೆ ಅಂತ ಇಳಕಲ್ ಸೀರೆ ಉಟ್ಟವರಿಗೆ ಗೊತ್ತು. ಒಡಲು ಮತ್ತು ಸೆರಗು ಒಂದೇ ಹಾಸಿನದಲ್ಲ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಹೂಡುವ ನೂಲು ಎರಡಕ್ಕೂ ಬೇರೆ ಬೇರೆ. ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಮಗ್ಗದ ಮೇಲೆ ಕೂಡಿಸಿರುತ್ತಾರೆ. ಬೆರಳಾಡಿಸಿದರೆ ಆ ಗೆರೆ ಕೈಗೆ ಹತ್ತುತ್ತದೆ. ಅದಾದ ಮೇಲೆ ಕೆಂಪಿನಲ್ಲಿ ಬಿಳಿ ತೆನೆ ಸಾಲು. ಅದನ್ನ ತೋಪ ತೆನಿ ಅನ್ನುತ್ತಾರೆ. ಒಂದೊಂದು ಎಳೆಯನ್ನೂ ಯಾರೋ ಕೂತು ಕೈಯಲ್ಲಿ ಜೋಡಿಸಿದ್ದು, ಅಲ್ಲಿ ಕತ್ತರಿ ಆಡಿಸುವುದು ತಪ್ಪೇ.

ಸೆರಗು ಬಿಟ್ಟು ಅಳತೆ ಹಾಕಿದರೆ 20 ಅಡಿ ಸಿಕ್ಕಿತು, ಅಗಲ 45 ಇಂಚು. ನಮ್ಮ ಕಿಟಕಿ 4 ಅಡಿ ಅಗಲ. ರಾಡ್ ಮಾತ್ರ 5 ಅಡಿಯದು ತಂದೆ, ಎರಡೂ ಕಡೆ ಅರ್ಧ ಅಡಿ ಹೊರಗೆ ಬರಲಿ ಅಂತ. ಹಾಗೆ ಮಾಡಿದರೆ ಹಗಲು ಪರದೆ ಸರಿಸಿದಾಗ ಬಟ್ಟೆ ಗೋಡೆಯ ಮೇಲೆ ನಿಲ್ಲುತ್ತದೆ, ಗಾಜು ಪೂರ್ತಿ ತೆರೆದಿರುತ್ತದೆ, ಕಿಟಕಿಯೂ ದೊಡ್ಡದಾಗಿ ಕಾಣುತ್ತದೆ. ಪರದೆ ನೆರಿಗೆಯಾಗಿ ಚೆಂದ ಬೀಳಬೇಕಂದರೆ ರಾಡ್‌ನ ಎರಡು ಪಟ್ಟು ಅಗಲದ ಬಟ್ಟೆ ಬೇಕು. 6 ಅಡಿಯ ಮೂರು ತುಂಡು ಕತ್ತರಿಸಿದೆ, ಮೂರೂ ಸೇರಿ 11 ಅಡಿ ಚಿಲ್ಲರೆ ಅಗಲ, ಅಲ್ಲಿಗೆ ಸರಿಹೋಯಿತು. ಮೇಲೆ ರಾಡ್ ತೂರಿಸಲು 3 ಇಂಚು, ಕೆಳಗೆ 3 ಇಂಚು ಮಡಚಿದೆ. ಸೀರೆಯನ್ನು ಹೀಗೆ ಅಡ್ಡಕ್ಕೆ ಕತ್ತರಿಸಿದರೆ ಇನ್ನೊಂದು ಲಾಭ ಇದೆ: ದಡಿ ಎರಡೂ ಬದಿಗೆ ಉದ್ದುದ್ದ ಬರುತ್ತದೆ, ಬದಿ ಹೊಲಿಯುವ ಕೆಲಸವೇ ಇಲ್ಲ. ಜಾಳಾಗಿದ್ದ ಎರಡು ಜಾಗಕ್ಕೆ ಉಳಿದ 2 ಅಡಿಯಲ್ಲಿ ಹಿಂದಿನಿಂದ ತೇಪೆ ಕೊಟ್ಟೆ.

ಹಳೇ ಸೀರೆಗೆ ನೇರ ಬಿಸಿಲು ಬಿದ್ದರೆ ಬಣ್ಣ ಹೋಗುತ್ತದೆ, ನೂಲೂ ಬೇಗ ಸಾಯುತ್ತದೆ. ಅದಕ್ಕೆ ಹಿಂದೆ ಯಜಮಾನರ ಹಳೇ ಪಂಚೆಯನ್ನೇ ಅಸ್ತರಿ ಮಾಡಿದೆ. ಅಸ್ತರಿಯನ್ನು ಮೇಲ್ಗಡೆ ಮಾತ್ರ ಹೊಲಿಯಿರಿ, ಕೆಳಗೆ ಬಿಟ್ಟುಬಿಡಿ. ಎರಡು ಬಟ್ಟೆ ಒಗೆದಾಗ ಬೇರೆ ಬೇರೆ ಥರ ಕುಗ್ಗುತ್ತವೆ, ಕೆಳಗೂ ಹೊಲಿದಿದ್ದರೆ ಪರದೆ ಸೊಟ್ಟಗಾಗುತ್ತದೆ.

ರಾಡ್ ಕೂರಿಸುವುದು ಹೇಗೆ ಅನ್ನೋದು ಪ್ರಶ್ನೆಯಾಯಿತು. ಗಾರೆ ಗೋಡೆಗೆ ಮೊಳೆ ಹೊಡೆದರೆ ಮಣ್ಣಿನ ಹಾಗೆ ಪುಡಿ ಉದುರುತ್ತದೆ. ಬಡಗಿ ಹೇಳಿಕೊಟ್ಟ ಉಪಾಯ ಇದು: ಕಿಟಕಿಯ ಮರದ ಚೌಕಟ್ಟಿಗೇ 5 ಅಡಿಯ ಒಂದು ಮರದ ಪಟ್ಟಿ ಸ್ಕ್ರೂ ಮಾಡಿ, ಅದರ ಎರಡು ತುದಿಗೆ ರಾಡ್‌ನ ಕೊಕ್ಕೆ. ಓನರ್ ಆಂಟಿಯನ್ನ ಕೇಳಿಯೇ ಮಾಡಿಸಿದೆ, ಗೋಡೆಗೆ ಒಂದೂ ತೂತಿಲ್ಲ.

ಬಣ್ಣದ ವಿಷಯದಲ್ಲಿ ನನಗೆ ಪೆಟ್ಟು ಬಿತ್ತು. ಒಂದೇ ಗೋಡೆಗೆ ಬಣ್ಣ ಹೊಡೆಸೋಣ ಅಂತ ಇತ್ತು. ಆ ಗೋಡೆಯ ಹಿಂದೆ ಬಚ್ಚಲು. ಕೆಳಗೆ ಒಂದು ಕಡೆ ಬಿಳೀ ಉಪ್ಪು ಬಿಟ್ಟಿತ್ತು. ಬಣ್ಣದವರು “ಪುಟ್ಟಿ ಹಾಕಿ ಬಳಿದರೆ ಏನೂ ಆಗಲ್ಲ ಮೇಡಂ” ಅಂದರು, ನಾನೂ ಒಪ್ಪಿದೆ. ಒಂದೂವರೆ ತಿಂಗಳಿಗೆ ಹಪ್ಪಳದ ಥರ ಉಬ್ಬಿ ಎದ್ದಿತು. ನಂತರ ಪ್ಲಂಬರ್ ಕರೆಸಿದರೆ ಬಚ್ಚಲಿನ ಪೈಪಿನ ಜಾಯಿಂಟ್ ಸೋರುತ್ತಿತ್ತು. ಅದನ್ನ ಸರಿಮಾಡಿಸಿ, ಉಬ್ಬಿದ್ದನ್ನು ಕೆರೆದು, ಇಡೀ ಬೇಸಿಗೆ ಗೋಡೆಯನ್ನು ಒಣಗಲು ಬಿಟ್ಟೆ. ಮತ್ತೆ ಬಳಿಯುವ ಮೊದಲು ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಎರಡು ದಿನ ಗೋಡೆಗೆ ಅಂಟಿಸಿಟ್ಟೆ. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದರೆ ಗೋಡೆ ಇನ್ನೂ ಹಸಿ ಅಂತ ಅರ್ಥ. ಕಟ್ಟಲಿಲ್ಲ, ಆಮೇಲೆ ಬಳಿದೆವು. ಗೋಡೆ ಸರಿಯಿಲ್ಲದೆ ಬಣ್ಣಕ್ಕೆ ಒಂದು ರೂಪಾಯಿಯನ್ನೂ ಹಾಕಬೇಡಿ ಅಂತ ಕೈಮುಗಿದು ಹೇಳುತ್ತೇನೆ.

ಎರಡನೇ ಸಲ ಬಣ್ಣ ಆರಿಸುವಾಗ ಅಂಗಡಿಯ ಶೇಡ್ ಕಾರ್ಡ್ ನೋಡಿ ಆರಿಸಲಿಲ್ಲ. ಮಗಳ ಡ್ರಾಯಿಂಗ್ ಶೀಟಿಗೆ ಎರಡು ಸಲ ಬಣ್ಣ ಬಳಿದು ಗೋಡೆಗೆ ಅಂಟಿಸಿ, ಬೆಳಗ್ಗೆ, ಸಂಜೆ, ರಾತ್ರಿ ಬಲ್ಬಿನ ಬೆಳಕಲ್ಲಿ ನೋಡಿದೆ. ನಾನು ಇಷ್ಟಪಟ್ಟಿದ್ದ ಬೂದು ಬಣ್ಣ ರಾತ್ರಿ ಕೊಳಕಾಗಿ ಕಂಡಿತು, ಮಜ್ಜಿಗೆಯಂಥ ತಿಳಿ ಬಣ್ಣ ಮೂರೂ ಹೊತ್ತಿಗೆ ಒಪ್ಪಿತು. ಗೋಡೆ ಸುಮಾರು 130 ಚದರ ಅಡಿ, ಎರಡು ಸಲ ಬಳಿಯಲು 3 ಲೀಟರಿನೊಳಗೇ ಮುಗಿಯಿತು. ಗೂಡುಗಳ ಒಳಗೆ ಮಾತ್ರ ಅರಿಶಿನ ಬಣ್ಣ ನಾನೇ ಬಳಿದೆ, ಮಗಳು ಅಂಚಿಗೆ ಟೇಪ್ ಹಚ್ಚಿಕೊಟ್ಟಳು. ಒಂದು ಗೂಡಲ್ಲಿ ಚನ್ನಪಟ್ಟಣದ ಗೊಂಬೆ, ಇನ್ನೊಂದರಲ್ಲಿ ಹುಣಸೆಹಣ್ಣಿನಲ್ಲಿ ಉಜ್ಜಿದ ಹಿತ್ತಾಳೆ ಚೊಂಬು, ಅದರಲ್ಲಿ ಮನಿಪ್ಲಾಂಟ್. ಮೂರನೇ ಗೂಡು ಖಾಲಿ ಬಿಟ್ಟಿದ್ದೇನೆ. ಖಾಲಿ ಇರೋದೇ ನನಗೆ ಇಷ್ಟ.

ಫೋಟೋಗಳಿಗೆ ಅಂಟಿಸುವ ಕೊಕ್ಕೆ ತಂದಿದ್ದೆ, ಹಳೇ ಗೋಡೆಯ ಮೇಲೆ ಅದು ನಿಲ್ಲಲಿಲ್ಲ, ಬಣ್ಣದ ಸಮೇತ ಕಿತ್ತು ಬಂತು. ಈಗ ಹಳೇ ಬೆಂಚಿನ ಮೇಲೆ ಫೋಟೋಗಳನ್ನು ಗೋಡೆಗೆ ಒರಗಿಸಿಟ್ಟಿದ್ದೇನೆ. ನಾವು ಜಾಸ್ತಿ ಹೊತ್ತು ಕೂರೋದು ನೆಲದ ಮೇಲೆ, ದಿವಾನದ ಮೇಲೆ. ಕೂತವರ ಕಣ್ಣಿನ ಮಟ್ಟಕ್ಕೆ ಅವು ಸರಿಯಾಗಿ ಬರುತ್ತವೆ. ಮೊದಲು ಅವೇ ಫೋಟೋ ಸೂರಿನ ಹತ್ತಿರ ಇದ್ದಾಗ ಯಾರೂ ತಲೆ ಎತ್ತಿ ನೋಡುತ್ತಿರಲಿಲ್ಲ.

ನೆಲಕ್ಕೆ ನಾನು ಮಾಡಿದ್ದು ಕಮ್ಮಿ. ಹಿಂದೆ ಒಮ್ಮೆ ಆಸಿಡ್ ಹಾಕಿ ತೊಳೆದು ಒಂದು ಮೂಲೆ ಬಿಳಿಚಿಕೊಂಡಿದೆ, ಅದು ಹಾಗೇ ಉಳಿಯಿತು. ಈಗ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಬಟ್ಟೆಗೆ ಹಾಕಿ ಉಜ್ಜುತ್ತೇನೆ, ಮತ್ತೆ ಒಣ ಬಟ್ಟೆಯಲ್ಲಿ ಚೆನ್ನಾಗಿ ತೆಗೆಯುತ್ತೇನೆ. ಎಣ್ಣೆ ಉಳಿದರೆ ಜಾರುತ್ತದೆ, ಮನೆಯಲ್ಲಿ ವಯಸ್ಸಾದವರಿದ್ದರೆ ಹುಷಾರು. ಮೇಲೆ ಒಂದು ನವಲಗುಂದದ ಜಮಖಾನ. ಧಾರವಾಡ ಜಿಲ್ಲೆಯ ಆ ಊರಿನಲ್ಲಿ ಹೆಣ್ಣುಮಕ್ಕಳೇ ಮಗ್ಗದಲ್ಲಿ ಕೂತು ನೇಯುವಂಥದ್ದು. ನಾನು ದುಡ್ಡು ಕೊಟ್ಟು ತಂದ ದೊಡ್ಡ ವಸ್ತು ಅಂದರೆ ಇದೊಂದೇ, ಅದಕ್ಕೆ ಕೊಟ್ಟ ದುಡ್ಡಿನ ಬಗ್ಗೆ ಒಂಚೂರೂ ಬೇಸರವಿಲ್ಲ.

ದಿಂಬುಗಳಿಗೆ ಗುಳೇದಗುಡ್ಡದ ಖಣ, ಅಂದರೆ ಕುಪ್ಪಸದ ಬಟ್ಟೆ, ಹಾಕಿದೆ. ಮುಂದೆ ಖಣ, ಹಿಂದೆ ಬಿಳೀ ಹತ್ತಿ ಬಟ್ಟೆ. ಮೊದಲ ಒಗೆತಕ್ಕೇ ಬಿಳಿಯೆಲ್ಲ ಗುಲಾಬಿಯಾಯಿತು. ಖಣವನ್ನ ಹೊಲಿಯುವ ಮೊದಲೇ ಒಂದೆರಡು ಸಲ ಬೇರೆಯಾಗಿ ತಣ್ಣೀರಲ್ಲಿ ಜಾಲಿಸಿಡಬೇಕಿತ್ತು. ಎರಡನೇ ಜೋಡಿಗೆ ಹಾಗೇ ಮಾಡಿದೆ, ಹಿಂದಿನ ಬಟ್ಟೆಯನ್ನೂ ಕಡುಗೆಂಪು ಮಾಡಿದೆ.

ಅಡುಗೆಮನೆಯಲ್ಲಿ ಹೇಳುವಂಥದ್ದೇನೂ ಮಾಡಲಿಲ್ಲ. ಕಟ್ಟೆಯ ಮೇಲಿನ ಡಬ್ಬಗಳನ್ನು ಒಳಗಿಟ್ಟೆ, ದಿನಾ ಬೇಕಾದ ಐದು ಮಾತ್ರ ಹೊರಗೆ.

ಎಲ್ಲ ಸೇರಿ, ಜಮಖಾನ, ಎರಡು ಸಲದ ಬಣ್ಣದ ಕೂಲಿ, ಬಡಗಿ, ಪ್ಲಂಬರ್, ಬಲ್ಬ್, ಖಣ ಎಲ್ಲದಕ್ಕೂ ಹತ್ತಿರಹತ್ತಿರ 17,000 ರೂಪಾಯಿ ಆಯಿತು. ಮೊದಲನೇ ಸಲವೇ ಗೋಡೆ ಒಣಗಿಸಿದ್ದರೆ ಇನ್ನೂ ಮೂರ್ನಾಲ್ಕು ಸಾವಿರ ಉಳಿಯುತ್ತಿತ್ತು. ವರಾಂಡಕ್ಕೆ ಹೋದ ಸಾಮಾನಿನಲ್ಲಿ ಅರ್ಧದಷ್ಟು ವಾಪಸ್ ಒಳಗೆ ಬರಲೇ ಇಲ್ಲ.

ಇನ್ನು ಮಲಗುವ ಕೋಣೆ ಬಾಕಿ ಇದೆ. ಹೋದ ತಿಂಗಳು ಅವ್ವ ಬಂದಳು. ಹಾಲ್‌ಗೆ ಬಂದವಳೇ ಪರದೆಯ ಅಂಚು ಹಿಡಿದು ತಿರುಗಿಸಿ ನೋಡಿದಳು, ದಡಿಯ ಮೇಲೆ ಹೆಬ್ಬೆರಳು ಆಡಿಸಿದಳು. ಏನೂ ಹೇಳಲಿಲ್ಲ. ಸಂಜೆ ಹೊತ್ತಿಗೆ ನನ್ನ ಟ್ರಂಕ್ ತಾನೇ ತೆಗೆದು ಹರಿದ ಸೀರೆಗಳನ್ನೆಲ್ಲ ನೆಲದ ಮೇಲೆ ಹಾಸಿಕೊಂಡು ಕೂತಳು. “ದಾರ ತಾ, ಸೂಜಿ ದೊಡ್ಡದು ತಾ, ಮಂಚಕ್ಕ ಒಂದು ಕೌದಿ ಆಗ್ತೈತಿ” ಅಂದಳು. ಕೌದಿ ಅಂದರೆ ನಮ್ಮ ಕಡೆ ಹಳೇ ಬಟ್ಟೆಗಳನ್ನು ಸೇರಿಸಿ ಹೊಲಿಯುವ ಹೊದಿಕೆ. ಈಗ ದಿನಾ ಮಧ್ಯಾಹ್ನ ಅವ್ವ ಒಂದು ತುದಿ, ನಾನು ಒಂದು ತುದಿ ಹಿಡಿದು ಆ ಪೂರ್ವದ ಕಿಟಕಿಯ ಹತ್ತಿರ ಹೊಲಿಯುತ್ತಿದ್ದೇವೆ. ಎರಡು ಬದಿ ಮುಗಿದಿದೆ. ಟ್ರಂಕ್‌ನಲ್ಲಿ ಹಾಗೇ ಇಟ್ಟಿದ್ದ ಆ ಕೆಂಪು ಸೆರಗನ್ನು ನಡುವೆ ಇಡೋಣ ಅಂತ ಅವ್ವನೇ ಹೇಳಿದ್ದಾಳೆ, ಕತ್ತರಿಸದೆ, ಇಡಿಯಾಗಿ.