ಹಕ್ಕಿಗೆ ಡ್ರಿಪ್ ಹಾಕಿದ ಕಥೆ

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಹಿತ್ತಲಿಗೆ ಹಕ್ಕಿ ಬರಬೇಕು ಅಂತ ಐದು ವರ್ಷದಲ್ಲಿ ನಾನು ಕಳೆದ ದುಡ್ಡು ಹತ್ತಿರ ಹತ್ತಿರ 20,000. ಕೊನೆಗೆ ಕೈಹಿಡಿದದ್ದು ಮೆಡಿಕಲ್ ಶಾಪಿನಲ್ಲಿ 30 ರೂಪಾಯಿಗೆ ಸಿಕ್ಕ ಸಲೈನ್ ಪೈಪು. ಈಗ ನಮ್ಮ ಹಿತ್ತಲಿನ ಪಟ್ಟಿಯಲ್ಲಿ 70 ಚಿಲ್ಲರೆ ಹಕ್ಕಿಗಳಿವೆ. ಅದರಲ್ಲಿ 40ರಷ್ಟನ್ನು ಅಡುಗೆಮನೆ ಕಿಟಕಿಯಿಂದ ಈಚೆ ಬರದೆ ನೋಡಿದ್ದೇನೆ. ದೋಸೆ ಹುಯ್ಯುತ್ತಾ ನೋಡಿದ್ದೂ ಉಂಟು.

ನಮ್ಮ ಮನೆ ಹೊಸನಗರ ತಾಲ್ಲೂಕಿನಲ್ಲಿ, ಶರಾವತಿ ಹಿನ್ನೀರಿನ ಕಡೆ. ಮುಂದೆ ಅಂಗಳ, ಕೆಳಗೆ ತೋಟ, ಹಿಂದೆ ಹಿತ್ತಲು, ಹಿತ್ತಲು ದಾಟಿದರೆ ಸೊಪ್ಪಿನ ಬೆಟ್ಟ. ಇಂಥ ಜಾಗದಲ್ಲಿ ಹಕ್ಕಿ ಕರೆಯುವುದೇನು ದೊಡ್ಡ ಕೆಲಸ ಅಂತ ನಿಮಗೆ ಅನಿಸಬಹುದು. ಕೂಗುವುದು ಕೇಳುತ್ತದೆ, ಸರಿ. ಕಣ್ಣಿಗೆ ಬೀಳಬೇಕಲ್ಲ? ಬೆಟ್ಟದಲ್ಲಿ ಬೈನಾಕ್ಯುಲರ್ ಹಿಡಿದು ಅರ್ಧ ದಿನ ತಿರುಗಿದರೆ ಕಾಣುವುದು ಎಲೆ, ಎಲೆಯ ಹಿಂದೆ ಇನ್ನೊಂದು ಎಲೆ. ತಿರುಗುವುದಕ್ಕೆ ನನಗೆ ಪುರಸೊತ್ತೂ ಇಲ್ಲ. ಅಡಿಕೆ ಸುಲಿಯುವ ಕಾಲದಲ್ಲಿ ಮನೆಯಲ್ಲಿ ಹದಿನೈದು ಜನಕ್ಕೆ ಊಟ. ಹಾಗಾಗಿ ಹಕ್ಕಿಯೇ ಕಿಟಕಿ ಎದುರು ಬರಬೇಕಿತ್ತು.

ಎಲ್ಲರೂ ಮಾಡುವ ಹಾಗೆ ನಾನೂ ಕಾಳಿನಿಂದಲೇ ಶುರು ಮಾಡಿದೆ. ಆನ್‌ಲೈನಿನಲ್ಲಿ 1,200 ಕೊಟ್ಟು ನೇತುಹಾಕುವ ಫೀಡರ್ ತರಿಸಿದೆ. ನವಣೆ, ಸಜ್ಜೆ, ಒಡೆದ ಅಕ್ಕಿ ಅಂತ ವರ್ಷದಲ್ಲಿ 2,000 ಹೋಯಿತು. ಮೊದಲು ಬಂದದ್ದು ಅಳಿಲು. ಆಮೇಲೆ ಇಲಿ. ಇಲಿಯ ಹಿಂದೆ ಕೇರೆ ಹಾವು. ಒಂದು ಸಂಜೆ ಒಲೆಗೆ ಕಟ್ಟಿಗೆ ತರಲು ಹೋದ ಅತ್ತೆಗೆ ಕಟ್ಟಿಗೆ ರಾಶಿಯ ಹತ್ತಿರ ನಾಗರಹಾವೇ ಎದುರಾಯಿತು. ಅಷ್ಟಾದರೂ ನಾನು ಬಿಡಲಿಲ್ಲ. ಮಂಗಗಳು ಬಂದು ಫೀಡರನ್ನು ಎರಡು ತುಂಡು ಮಾಡಿದ ಮೇಲೆ ಬಿಡಲೇಬೇಕಾಯಿತು.

ಅದು 2019ರ ಜನವರಿ. ಪಕ್ಕದ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಮಂಗನ ಕಾಯಿಲೆ ಎದ್ದಿತ್ತು. ನಮ್ಮ ಕಡೆಯವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾಗಿ ಆ ಹೆಸರಿನಿಂದಲೇ ಲೋಕಕ್ಕೆಲ್ಲ ಪರಿಚಯವಾದ ಕಾಯಿಲೆ. ಹರಡುವುದು ಉಣ್ಣೆಯಿಂದ, ಅಂದರೆ ಮೈಗೆ ಕಚ್ಚಿ ರಕ್ತ ಹೀರುವ ಸಣ್ಣ ಹುಳದಿಂದ. ಮಂಗ ಸತ್ತ ಜಾಗದಲ್ಲಿ ಉಣ್ಣೆ ಉದುರಿ ಕೂತಿರುತ್ತದೆ. ಉಣ್ಣೆ ಕಚ್ಚದಿರಲಿ ಅಂತ ಎಲ್ಲರೂ ಡಿಎಂಪಿ ತೈಲ ಹಚ್ಚಿಕೊಂಡು ಬೆಟ್ಟಕ್ಕೆ ಹೋಗುತ್ತಿದ್ದ ದಿನಗಳಲ್ಲಿ ನಾನು ಹಿತ್ತಲಿಗೆ ಮಂಗನ್ನು ಕರೆದು ಸಜ್ಜೆ ಬಡಿಸುತ್ತಿದ್ದೆ. "ಏನೇ ಮಾರಾಯ್ತಿ, ಹಕ್ಕಿ ನೋಡ್ತೀನಿ ಅಂತ ಮನೆಯವರನ್ನೆಲ್ಲ ಮಲಗಿಸ್ತೀಯಾ?" ಅಂದರು ಅತ್ತೆ. ಬೈದದ್ದು ತಪ್ಪಲ್ಲ. ಉಳಿದ ಕಾಳನ್ನು ಕೋಳಿಗೆ ಹಾಕಿದೆ. ಅವತ್ತಿನಿಂದ ಕಾಳು ಬಂದ್.

ಕಾಳು ಸೋತದ್ದಕ್ಕೆ ನಿಜವಾದ ಕಾರಣ ಬೇರೆಯೇ. ಮಲೆನಾಡಿನ ಕಾಡುಹಕ್ಕಿಗಳಲ್ಲಿ ಕಾಳು ತಿನ್ನುವವು ಕಡಿಮೆ. ಹೆಚ್ಚಿನವಕ್ಕೆ ಹುಳ ಬೇಕು, ಹಣ್ಣು ಬೇಕು, ಹೂವಿನ ರಸ ಬೇಕು. ಬಾಲದಂಡೆ ಹಕ್ಕಿಗೆ ನವಣೆ ಇಟ್ಟರೆ ಅದೇನು ಮಾಡಬೇಕು ಪಾಪ! ಆದರೆ ನೀರು? ನೀರು ಎಲ್ಲಕ್ಕೂ ಬೇಕು. ಇಷ್ಟು ಹೊಳೆಯಲು ನನಗೆ ಎರಡು ವರ್ಷ ಬೇಕಾಯಿತು.

ನೀರಿಡುತ್ತೇನೆ ಅಂದಾಗ ಮನೆ ತುಂಬ ನಗು. "ಜೂನಿಂದ ನಾಲ್ಕು ತಿಂಗಳು ಮುಗಿಲೇ ತೂತಾದ ಹಾಗೆ ಸುರೀತದೆ. ಬೆಂಗಳೂರಲ್ಲಿ ಟೆರೇಸ್ ಮೇಲೆ ಬಟ್ಟಲು ಇಡೋದು ಸರಿ. ಮಲೆನಾಡಲ್ಲಿ ಹಕ್ಕಿಗೆ ನೀರಿಡೋಳು ನೀನೊಬ್ಬಳೇ ನೋಡು" ಅಂದರು ಭಾವ. ನಮ್ಮ ಮನೆಯವರು ಏನೂ ಹೇಳಲಿಲ್ಲ, ಮೀಸೆ ತಿರುವಿಕೊಂಡರು. ಅದು ಇನ್ನೂ ಸಿಟ್ಟು ಬರಿಸುವ ವಿಷಯ.

ಭಾವನ ಮಾತು ಜೂನ್‌ನಲ್ಲಿ ನಿಜ. ಫೆಬ್ರವರಿಯಲ್ಲಿ ಅಲ್ಲ. ಗುಡ್ಡದಿಂದ ತಾನಾಗಿ ಹರಿದು ಬರುವ ನಮ್ಮ ಅಬ್ಬಿ ನೀರು ಮೊದಲೆಲ್ಲ ಯುಗಾದಿವರೆಗೆ ಬರುತ್ತಿತ್ತು. ಈಗ ಶಿವರಾತ್ರಿ ಹೊತ್ತಿಗೇ ನೂಲಿನಷ್ಟಾಗುತ್ತದೆ. ಹಿತ್ತಲಿನ ಪಕ್ಕದ ಹಳ್ಳದಲ್ಲಿ ಬರೀ ಕಲ್ಲು ಉಳಿಯುತ್ತದೆ.

ಹಾಗಂತ ಮೊದಲ ಸಲವೇ ಗೆದ್ದೆ ಅಂದುಕೊಳ್ಳಬೇಡಿ. ಶಿವಮೊಗ್ಗದ ಒಂದು ನರ್ಸರಿಯಲ್ಲಿ ಕಂಬದ ಮೇಲೆ ಬೋಗುಣಿ ಇರುವ ಸಿಮೆಂಟಿನ ಬರ್ಡ್ ಬಾತ್ ಕಂಡಿತು. ನೋಡಲು ಬಲು ಚಂದ. 2,800 ಕೊಟ್ಟೆ, ಪಿಕಪ್ಪಿನವನಿಗೆ 600. ನಾಲ್ಕು ಇಂಚು ಆಳ, ಒಳಗೆಲ್ಲ ನುಣುಪು. ಒಂದೇ ಒಂದು ಸಣ್ಣ ಹಕ್ಕಿ ಇಳಿಯಲಿಲ್ಲ. ಕಾಗೆ ಮಾತ್ರ ಎಲ್ಲಿಂದಲೋ ಕದ್ದ ಚಪಾತಿ ತಂದು ಅದರಲ್ಲಿ ನೆನೆಸಿ ತಿನ್ನುತ್ತಿತ್ತು. ಒಂದೂವರೆ ತಿಂಗಳು ಕಾಗೆಯ ಚಪಾತಿ ತೊಳೆದದ್ದೇ ನನ್ನ ಪಕ್ಷಿ ವೀಕ್ಷಣೆ. ಮಳೆಗಾಲದಲ್ಲಿ ಪಾಚಿ ಕಟ್ಟಿ, ಮುಂದಿನ ಬೇಸಿಗೆಗೆ ಸೀಳು ಬಿಟ್ಟಿತು. ಈಗ ಅದರಲ್ಲಿ ದೊಡ್ಡಪತ್ರೆ ಬೆಳೆದಿದೆ.

ದಾರಿ ತೋರಿಸಿದ್ದು ಬಚ್ಚಲಿನ ಕೆಟ್ಟ ನಲ್ಲಿ. ವಾಷರ್ ಹೋಗಿ ತೊಟ್ಟಿಕ್ಕುತ್ತಿತ್ತು. ಕೆಳಗೆ ಹಂಚಿನ ಚೂರಿನಲ್ಲಿ ಅರ್ಧ ಇಂಚು ನೀರು. ಮಾರ್ಚ್ ತಿಂಗಳ ಒಂದು ಸಂಜೆ ಪಾತ್ರೆ ತೊಳೆಯಲು ಹೋದರೆ ಅಲ್ಲಿ ಕಿತ್ತಳೆ ತಲೆಯ ನೆಲಸಿಳ್ಳಾರ! ಬಿಳಿ ಕೆನ್ನೆಯ ಮೇಲೆ ಎರಡು ಕಪ್ಪು ಗೆರೆ. ಎರಡು ರೆಕ್ಕೆ ಬಡಿದು ಮೈ ತುಂಬ ನೀರು ಎರಚಿಕೊಂಡು ನನ್ನನ್ನು ಒಮ್ಮೆ ನೋಡಿ ಹೋಯಿತು. 2,800ರ ಬೋಗುಣಿ 20 ಅಡಿ ದೂರದಲ್ಲೇ ಇತ್ತು.

ಅವತ್ತೇ ಗೊತ್ತಾಯಿತು. ಬೇಕಾದ್ದು ಹನಿ ಬೀಳುವ ಸದ್ದು ಮತ್ತು ಕಾಲು ಮುಳುಗುವಷ್ಟೇ ನೀರು. ನಿಂತ ನೀರು ಹಕ್ಕಿಗೆ ಕಾಣುವುದು ಹತ್ತಿರ ಬಂದ ಮೇಲೆ. ತೊಟ್ಟಿಕ್ಕುವ ನೀರು ದೂರದಿಂದಲೇ ಕೇಳುತ್ತದೆ.

ಕೊಟ್ಟಿಗೆಯ ಹಿಂದೆ ಹಳೆಯ ಕಲ್ಲುಮರಿಗೆ ಬಿದ್ದಿತ್ತು, ಹಿಂದೆ ಎಮ್ಮೆಗೆ ಅಕ್ಕಚ್ಚು ಕೊಡುತ್ತಿದ್ದದ್ದು. ಇಬ್ಬರು ಆಳುಗಳನ್ನು ಹಿಡಿದು ಅಡುಗೆಮನೆ ಕಿಟಕಿಗೆ ಹನ್ನೆರಡು ಅಡಿ ದೂರಕ್ಕೆ ತರಿಸಿದೆ. ತಳಕ್ಕೆ ಹಳ್ಳದ ಮರಳು, ಮೇಲೆ ಬೆಣಚುಕಲ್ಲು. ಒಂದು ತುದಿಯಲ್ಲಿ ಅರ್ಧ ಇಂಚು, ಇನ್ನೊಂದು ತುದಿಯಲ್ಲಿ ಎರಡು ಇಂಚು, ಅಷ್ಟೇ ಆಳ. ಮೊದಲು ತೋಟದ ಹನಿ ನೀರಾವರಿಯ ಸಣ್ಣ ಪೈಪು, ಮೈಕ್ರೋ ಟ್ಯೂಬ್, ಹಾಕಿ ನೋಡಿದೆ. ಒಂದೋ ಸುರಿಯುತ್ತದೆ, ಇಲ್ಲ ನಿಲ್ಲುತ್ತದೆ, ಹನಿ ಮಾತ್ರ ಹಿಡಿತಕ್ಕೆ ಬರುವುದಿಲ್ಲ. ಆಮೇಲೆ ಅತ್ತೆಗೆ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದ್ದಾಗ ನರ್ಸಮ್ಮ ಬೆರಳಿನಿಂದ ಚಕ್ರ ತಿರುಗಿಸಿ ಹನಿ ಹೊಂದಿಸಿದ್ದು ನೆನಪಾಯಿತು. ಹೊಸ ಸಲೈನ್ ಸೆಟ್ ಕೇಳಿದರೆ ಅಂಗಡಿಯವನು "ಯಾರಿಗಮ್ಮ ಹುಷಾರಿಲ್ಲ?" ಅಂದ. ಹಕ್ಕಿಗೆ ಅಂದೆ. ಸಂಜೆಯೊಳಗೆ ಊರಿಗೆಲ್ಲ ಸುದ್ದಿ, ನಾನು ಹಕ್ಕಿಗೆ ಡ್ರಿಪ್ ಹಾಕುತ್ತಿದ್ದೇನೆ ಅಂತ.

ಪೇರಲೆ ಕೊಂಬೆಗೆ 20 ಲೀಟರಿನ ಕ್ಯಾನ್. ನಿಮಿಷಕ್ಕೆ 40 ಹನಿ ಆಸುಪಾಸು. ದಿನಕ್ಕೆ ಮೂರು ಲೀಟರ್ ಖರ್ಚು, ಕ್ಯಾನ್ ಸುಮಾರು ಒಂದು ವಾರ ಬರುತ್ತದೆ. ಎರಡು ಅಡಿ ಎತ್ತರದಿಂದ ಬೀಳಬೇಕು. ಬೀಳುವ ಜಾಗದಲ್ಲಿ ನಾನೊಂದು ವಸ್ತು ಇಟ್ಟಿದ್ದೇನೆ. ಅದರಿಂದ ಸದ್ದೇ ಬೇರೆಯಾಯಿತು, ಬರುವ ಹಕ್ಕಿ ದುಪ್ಪಟ್ಟಾಯಿತು. ಅದೇನು ಅಂತ ಮಾತ್ರ ಕೇಳಬೇಡಿ.

ಕ್ಯಾನಿನದ್ದೇ ಒಂದು ತಪ್ಪು ಹೇಳಿಬಿಡುತ್ತೇನೆ. ಮೊದಲು ಕಟ್ಟಿದ್ದು ಅಡಿಕೆಗೆ ಔಷಧಿ ಹೊಡೆಯುವ ಕಾಲದಲ್ಲಿ ಬೋರ್ಡೋಗೆ, ಅಂದರೆ ಮೈಲುತುತ್ತ, ಸುಣ್ಣ ಬೆರೆಸಿದ ದ್ರಾವಣಕ್ಕೆ ಬಳಸಿದ್ದ ಕ್ಯಾನ್. ತೊಳೆದಿದ್ದೆ. ಎರಡು ದಿನ ಬಿಟ್ಟು ನೋಡಿದರೆ ಬಾಯಿಯ ಸುತ್ತ ಮೈಲುತುತ್ತದ ನೀಲಿ ಕರೆ. ಎದೆ ಧಸಕ್ ಅಂತು. ಮರಿಗೆ ಪೂರ್ತಿ ಬರಿದು ಮಾಡಿ, ಮರಳೂ ಬದಲಿಸಿದೆ. ಹಳೇ ಕ್ಯಾನ್ ಸುಮ್ನೆ ಬಿದ್ದಿದೆ ಅಂತ ಯಾರೂ ಕಟ್ಟಬೇಡಿ.

ಎರಡನೆಯದು ಬೆಕ್ಕು. ನಮ್ಮದೇ ಬೆಕ್ಕು. ನೆಲದ ಮೇಲಿನ ಮರಿಗೆಯಿಂದ ಹೆಣ್ಣು ಮಡಿವಾಳ ಹಕ್ಕಿಯನ್ನು ಎತ್ತಿಕೊಂಡು ಹೋಯಿತು. ಎರಡು ದಿನ ನಾನು ಕಿಟಕಿ ಕಡೆ ಹೋಗಲಿಲ್ಲ. ಮರಿಗೆಯನ್ನು ಮೂರಡಿ ಎತ್ತರದ ಕಟ್ಟೆಗೆ ಏರಿಸಿದರೆ ನೆಲಸಿಳ್ಳಾರ ಬರುವುದನ್ನೇ ಬಿಟ್ಟಿತು. ಕೊನೆಗೆ ಎರಡು ಅಂತಸ್ತು ಮಾಡಿದೆ. ಮೇಲೆ ಮರಿಗೆ, ಅದರ ತುಂಬಿದ ನೀರು ಅಡಿಕೆ ದಬ್ಬೆಯ ಮೇಲೆ ಹರಿದು ಕೆಳಗೆ ಒಂದು ಹಂಚಿಗೆ. ಕೆಳಗಿನದಕ್ಕೆ ಮೂರು ಕಡೆ ನಿಂಬೆ ಮುಳ್ಳು. ಕಿಟಕಿ ಕಡೆ ಮಾತ್ರ ಬಯಲು, ಬೆಕ್ಕು ಆ ಕಡೆಯಿಂದ ಬಂದರೆ ಹಕ್ಕಿಗೂ ನನಗೂ ಕಾಣುತ್ತದೆ.

ಮೂರನೆಯದರ ಬಗ್ಗೆ ಬರೆಯಲು ಮನಸ್ಸಿಲ್ಲ. ಚೆನ್ನಾಗಿ ಕಾಣಲಿ ಅಂತ ಕಿಟಕಿಗೆ 4,500 ಕೊಟ್ಟು ದೊಡ್ಡ ಗಾಜು ಹಾಕಿಸಿದ್ದೆ. ಗಾಜಿನಲ್ಲಿ ಬೆಟ್ಟ ಕಾಣುತ್ತದಲ್ಲ, ಪಚ್ಚೆ ಬೆನ್ನಿನ ಕಾಡು ಪಾರಿವಾಳ ಅದೇ ದಾರಿ ಅಂದುಕೊಂಡು ಬಡಿಯಿತು. ಮುಂದಿನ ವಾರ ಇನ್ನೊಂದು. ಗಾಜು ತೆಗೆಸಿ ಸೋಗೆ ತಟ್ಟಿ ಕಟ್ಟಿದೆ. ನಡುವೆ ಅಂಗೈ ಅಗಲದ ಎರಡು ಕಂಡಿ, ಒಂದು ನಿಂತು ನೋಡಲು, ಒಂದು ಕೂತು ನೋಡಲು. ಮಿಕ್ಸಿ ಸದ್ದು, ಕುಕ್ಕರ್ ಸೀಟಿ, ಅತ್ತೆಯ ಬೈಗುಳ ಯಾವುದಕ್ಕೂ ಹಕ್ಕಿ ಹೆದರುವುದಿಲ್ಲ. ಕಂಡಿಯ ಹಿಂದೆ ನೆರಳು ಅಲ್ಲಾಡಿದರೆ ಮಾತ್ರ ಹಾರುತ್ತದೆ.

ಸೊಳ್ಳೆ ಬಗ್ಗೆ ಎಲ್ಲರೂ ಕೇಳುತ್ತಾರೆ. ಮೂರು ದಿನಕ್ಕೊಮ್ಮೆ ಬರಿದು ಮಾಡಿ ತೆಂಗಿನ ಜುಂಗಿನಿಂದ ತಿಕ್ಕುತ್ತೇನೆ, ಸೋಪು ಹಾಕುವುದಿಲ್ಲ. ಮರಿಹುಳ ಸೊಳ್ಳೆಯಾಗುವಷ್ಟು ದಿನ ನೀರು ನಿಲ್ಲುವುದೇ ಇಲ್ಲ. ಗಪ್ಪಿ ಮೀನು ಬಿಟ್ಟೂ ನೋಡಿದ್ದೆ. ಮಿಂಚುಳ್ಳಿ ನಾಲ್ಕು ದಿನದಲ್ಲಿ ಖಾಲಿ ಮಾಡಿತು.

ಹೊತ್ತು ಗೊತ್ತಿರಲಿ. ಬೆಳಿಗ್ಗೆ ಕಾಯುವುದು ದಂಡ. ಮಧ್ಯಾಹ್ನ ಮೂರೂವರೆಗೆ ಪಿಕಳಾರಗಳ ಗಲಾಟೆ ಶುರು. ಅವು ಬಂದರೆ ಉಳಿದವಕ್ಕೆ ಧೈರ್ಯ. ಬಾಲದಂಡೆ ನೀರಿನಲ್ಲಿ ನಿಲ್ಲುವುದೇ ಇಲ್ಲ. ಕೊಂಬೆಯಿಂದ ಧುಮುಕಿ, ನೀರಿಗೆ ತಾಗಿ, ಮತ್ತೆ ಕೊಂಬೆಗೆ. ಬಿಳಿ ಬಾಲ ಒದ್ದೆ ರಿಬ್ಬನ್ನಿನ ಹಾಗೆ. ಭೀಮರಾಜ ಕಾಜಾಣವೂ ಹಾಗೇ ಧುಮುಕುತ್ತದೆ. ಐದೂವರೆಗೆ ನೀಲಿ ನೊಣಹಿಡುಕ, ನೆಲಸಿಳ್ಳಾರ. ದೀಪ ಹಚ್ಚುವ ಹೊತ್ತಿಗೆ, ಹಳ್ಳದಲ್ಲಿ ಮನುಷ್ಯರ ಹಾಗೆ ಸಿಳ್ಳೆ ಹಾಕುವ ಸಿಳ್ಳಾರ. ಆಗ ಕಣ್ಣಿಗೆ ಬರೀ ಕಪ್ಪು ಉಂಡೆ, ಸ್ನಾನದ ಸದ್ದು ಮಾತ್ರ.

ನಡುವೆ ಕ್ಯಾಮೆರಾ ಟ್ರ್ಯಾಪಿನ ಹುಚ್ಚೂ ಹತ್ತಿತ್ತು. 9,000. ಮೊದಲ ವಾರ ಎರಡು ಸಾವಿರದಷ್ಟು ಫೋಟೋ, ಅಷ್ಟೂ ಬಾಳೆ ಎಲೆ ಅಲ್ಲಾಡಿದ್ದು. ಎಲೆ ಕಡಿದ ಮೇಲೆ ಸರಿಯಾಯಿತು. ಪುನುಗಿನ ಬೆಕ್ಕು, ಮುಳ್ಳುಹಂದಿ ಬಂದವು. ಒಂದೇ ಒಂದು ರಾತ್ರಿ ಬರ್ಕ ಅನ್ನುವ ಪುಟ್ಟ ಜಿಂಕೆಯಂಥ ಪ್ರಾಣಿ, ಮೊಲದಷ್ಟು ಮೈ, ಕಡ್ಡಿಯಂಥ ಕಾಲು. ಆ ಫೋಟೋ ನೋಡಿ ನಮ್ಮ ಮನೆಯವರು ಮೊದಲ ಸಲ ಮೀಸೆ ಬಿಟ್ಟು ಬಾಯಿ ತೆರೆದರು. ಮಳೆಗಾಲದಲ್ಲಿ ಕ್ಯಾಮೆರಾದೊಳಗೆ ಇರುವೆ ಸಂಸಾರ ಹೂಡಿತು. ರಿಪೇರಿಯವನು ಕೇಳಿದ ದುಡ್ಡಿಗೆ ಹೊಸದೇ ಬರುತ್ತಿತ್ತು, ಬಿಟ್ಟೆ.

ಇನ್ನೊಂದು ಪ್ರಯೋಗಕ್ಕೆ ಖರ್ಚಿಲ್ಲ, ಜಗಳ ಮಾತ್ರ. ಕಾಟು ಮಾವಿನ ಮೇಲಿನ ಬದನಿಕೆಯನ್ನು, ಮರದ ಮೇಲೇ ಬೇರಿಳಿಸಿ ಬದುಕುವ ಆ ಗಿಡವನ್ನು, ಕಡಿಯಲು ಬಿಡಲಿಲ್ಲ. ಬದನಿಕೆ ಹಕ್ಕಿ ದಿನವಿಡೀ ಅಲ್ಲೇ. ಆದರೆ ಅದು ಹಣ್ಣು ತಿಂದು ಬೀಜವನ್ನು ಸಪೋಟ ಮರಕ್ಕೂ ಒರೆಸಿತು. ಈಗ ಮಾವಿನದ್ದು ಉಳಿಸಿ ಸಪೋಟದ್ದು ಕಡಿಯುತ್ತಿದ್ದೇವೆ. ಜಾಯಿಕಾಯಿ ಮರದ ಕೆಳಗೆ ದರಗು, ಅಂದರೆ ಉದುರಿದ ಒಣ ಎಲೆ, ಗುಡಿಸುವುದನ್ನೂ ನಿಲ್ಲಿಸಿದೆ. ಹಾವು ಬರುತ್ತದೆ ಅಂತ ದೊಡ್ಡ ರಾದ್ಧಾಂತ. ಹತ್ತಡಿ ಜಾಗ ನನಗೆ, ಉಳಿದದ್ದು ಪೊರಕೆಗೆ ಅಂತ ರಾಜಿಯಾಯಿತು.

ಆ ಹತ್ತಡಿಗೆ ಬಂದದ್ದು ನವರಂಗ. ಅಕ್ಟೋಬರ್ ಹೊತ್ತಿಗೆ ನಮ್ಮ ಕಡೆ ಬರುತ್ತದೆ, ಬೇಸಿಗೆ ಮುಗಿಯುವುದರೊಳಗೆ ಉತ್ತರಕ್ಕೆ ವಾಪಸ್. ಮುಸ್ಸಂಜೆ ಎರಡೇ ಸ್ವರದಲ್ಲಿ ಕೂಗುವುದನ್ನು ಮದುವೆಯಾಗಿ ಬಂದ ವರ್ಷದಿಂದ ಕೇಳಿದ್ದೆ, ಕಂಡಿರಲಿಲ್ಲ. ದರಗು ಮಗುಚುತ್ತಾ ಕೆಳಗಿನ ಹಂಚಿಗೆ ಇಳಿಯಿತು. ಹಸಿರು ಬೆನ್ನು, ಹೊಟ್ಟೆಯ ಕೆಳಗೆ ಕೆಂಪು, ಮೊಂಡು ಬಾಲ. ಒಲೆಯ ಮೇಲೆ ಹಾಲು ಉಕ್ಕಿ ಹೋಯಿತು, ಅತ್ತೆ ಓಡಿ ಬಂದರು. ಬೈಯಲಿಲ್ಲ. ಕೂತು ನೋಡುವ ಕಂಡಿಗೆ ಕಣ್ಣಿಟ್ಟು, "ಇದಾ ದಿನಾ ಕೂಗೋದು?" ಅಂದರು. ಈಗ ಸಂಜೆ ಐದಕ್ಕೆ ಆ ಕಂಡಿ ಅವರದ್ದು, ನಾನು ನಿಂತೇ ನೋಡಬೇಕು.

ಮಂಡಗದ್ದೆ ಪಕ್ಷಿಧಾಮಕ್ಕೆ ಹೋಗಿ ಬೆಳ್ಳಕ್ಕಿ ನೋಡಿ ಬರುವ ನೆಂಟರು ಈಗ ನಮ್ಮಲ್ಲಿ ಒಂದು ದಿನ ಜಾಸ್ತಿ ಉಳಿಯುತ್ತಾರೆ. ಮೊನ್ನೆ ಏಪ್ರಿಲ್‌ನಲ್ಲಿ ಭಾವನ ಫೋನ್ ಬಂತು. ಅವರ ಹಿತ್ತಲಿಗೂ ಹಳೇ ಮರಿಗೆ ಎಳೆಸಿದ್ದಾರಂತೆ. ಪಿಕಳಾರ ಬಿಟ್ಟರೆ ಬೇರೆ ಏನೂ ಬರುತ್ತಿಲ್ಲವಂತೆ. "ಹನಿ ಬೀಳೋ ಜಾಗದಲ್ಲಿ ಏನೋ ಇಟ್ಟಿದ್ದೀಯಂತಲ್ಲ, ಏನದು?" ಅಂದರು.

ಮಳೆಗಾಲ ಕಳೆಯಲಿ ಭಾವ, ಬಂದು ನೋಡಿ ಹೋಗಿ ಅಂದೆ.