ನೆದರ್ಲೆಂಡ್ಸ್‌ನಲ್ಲಿ ಹಳೇ ಸೈಕಲ್: ಬೆಲೆಗಿಂತ ಮೊದಲು ಬೀಗದ ಕೈ ಕೇಳಿ

ಐಂಡ್‌ಹೋವನ್‌ನಲ್ಲೋ ಆಮ್‌ಸ್ಟೆಲ್‌ವೀನ್‌ನಲ್ಲೋ ಕೆಲಸದಲ್ಲಿರುವ ಮಗ-ಸೊಸೆಯ ಮನೆಗೆ 90 ದಿನದ ಷೆಂಗೆನ್ ವೀಸಾ ಮೇಲೆ ಹೊರಟ ಅಪ್ಪ-ಅಮ್ಮ, ಡೆಲ್ಫ್ಟ್‌ಗೆ ಒಂದು ಸೆಮಿಸ್ಟರ್ ಓದಲು ಹೋಗುವ ವಿದ್ಯಾರ್ಥಿ, ಬೇಸಿಗೆಯಲ್ಲಿ ತಿಂಗಳೊಪ್ಪತ್ತು ಊರೂರು ಸುತ್ತುವ ಪ್ರವಾಸಿ ಎಲ್ಲರಿಗೂ ಅಲ್ಲಿ ಇಳಿದ ಎರಡನೇ ದಿನಕ್ಕೇ ಸೈಕಲ್ ಬೇಕೆನಿಸುತ್ತದೆ. ಜನರಿಗಿಂತ ಸೈಕಲ್‌ಗಳೇ ಹೆಚ್ಚಿರುವ ದೇಶ ಅದು. ಬಾಡಿಗೆ ಸೈಕಲ್‌ಗೆ ದಿನಕ್ಕೆ 10ರಿಂದ 15 ಯೂರೋ ಆಸುಪಾಸು ಆಗುತ್ತದೆ. ಒಂದು ವಾರದೊಳಗೆ ಹಿಂದಿರುಗುವವರು ಬಾಡಿಗೆಗೇ ತೆಗೆದುಕೊಳ್ಳಲಿ. ಎರಡು ವಾರ ದಾಟುವುದಾದರೆ ಹಳೇ ಸೈಕಲ್ ಕೊಂಡು, ಹೊರಡುವ ಮುನ್ನ ಮಾರಿ ಬರುವುದು ಲಾಭ.

ಅಗ್ಗ ಎಂದು ಕೊಂಡ ಸೈಕಲ್ ದುಬಾರಿಯಾಗುವುದು ಎರಡು ಕಾರಣಕ್ಕೆ. ಒಂದೋ ಅದು ಕದ್ದ ಮಾಲು, ಇಲ್ಲವೇ ಅದರ ಹಿಂದಿನ ಚಕ್ರಕ್ಕೆ ಕೆಲಸ ಬಂದಿರುತ್ತದೆ. ಎರಡನ್ನೂ ಕೊಳ್ಳುವ ಮೊದಲೇ ಹತ್ತು ನಿಮಿಷದಲ್ಲಿ ಪತ್ತೆ ಮಾಡಬಹುದು.

ಜಾಹೀರಾತು ಓದುವುದು

ಅಲ್ಲಿನವರು ಹಳೇ ಸಾಮಾನು ಮಾರುವ, ಕೊಳ್ಳುವ ಮುಖ್ಯ ತಾಣ ಮಾರ್ಕ್ಟ್‌ಪ್ಲಾಟ್ಸ್. 1999ರಲ್ಲಿ ಶುರುವಾದದ್ದು, ನಮ್ಮ ಓಎಲ್‌ಎಕ್ಸ್ ಇದ್ದ ಹಾಗೆ. ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ನಲ್ಲೂ ಸಿಗುತ್ತವೆ. ಖಾತೆಯನ್ನು ಊರು ಬಿಡುವ ಮೊದಲೇ ತೆರೆದಿಡಿ. ಇಂದು ತೆರೆದ ಖಾತೆಯಿಂದ ಇಂದೇ ಬಂದ ಸಂದೇಶಕ್ಕೆ ಮಾರುವವರು ಉತ್ತರಿಸಲು ಹಿಂಜರಿಯುತ್ತಾರೆ. ಉಳಿಯುವ ಮನೆಯ ಪಿನ್‌ಕೋಡ್ ಹಾಕಿ, ಐದು ಕಿಲೋಮೀಟರ್ ಒಳಗಿನದಷ್ಟೇ ತೋರಿಸುವಂತೆ ಮಾಡಿ. ಕೊಂಡ ಮೇಲೆ ತುಳಿದುಕೊಂಡೇ ಮನೆಗೆ ಬರಬೇಕಲ್ಲ.

ಜಾಹೀರಾತು ಡಚ್ ಭಾಷೆಯಲ್ಲಿರುತ್ತದೆ. ಕೆಲವು ಪದ ಗೊತ್ತಿದ್ದರೆ ಸಾಕು. ಫೀಟ್ಸ್ ಎಂದರೆ ಸೈಕಲ್. ಓಮಾಫೀಟ್ಸ್ ಎಂದರೆ 'ಅಜ್ಜಿ ಸೈಕಲ್': ಅಡ್ಡ ಬಾರ್ ಇಲ್ಲದ, ಹ್ಯಾಂಡಲ್ ಮೇಲೆದ್ದು ಹಿಂದಕ್ಕೆ ಬಾಗಿದ, ನೆಟ್ಟಗೆ ಕೂತು ತುಳಿಯುವ ಗಾಡಿ. ಸೀರೆಗೂ ಪಂಚೆಗೂ ಅನುಕೂಲ. ಗಂಡಸರೂ ಸಂಕೋಚವಿಲ್ಲದೆ ಓಡಿಸುತ್ತಾರೆ. ಓಪಾಫೀಟ್ಸ್ ಬಾರ್ ಇರುವ 'ಅಜ್ಜ ಸೈಕಲ್'. ಟೆರುಖ್‌ಟ್ರಾಪ್‌ರೆಮ್ ಎಂದರೆ ಪೆಡಲ್ ಹಿಂದಕ್ಕೆ ತುಳಿದರೆ ಬೀಳುವ ಬ್ರೇಕ್. ಫೆರ್‌ಸ್ನೆಲಿಂಗೆನ್ ಎಂದರೆ ಗೇರುಗಳು. ಓಪ್‌ಹಾಲೆನ್ ಎಂದರೆ ನೀವೇ ಹೋಗಿ ತರಬೇಕು. ಓಪ್‌ಕ್ನಾಪರ್ ಎಂಬ ಪದ ಕಂಡರೆ ಮುಂದಿನ ಜಾಹೀರಾತಿಗೆ ಹೋಗಿ. ರಿಪೇರಿ ಮಾಡಿಕೊಂಡೇ ಬಳಸಬೇಕಾದ ಗಾಡಿ ಅದು.

ತುಳಿಯಲು ಯೋಗ್ಯವಾದ, ಗೇರಿಲ್ಲದ ಅಥವಾ ಮೂರು ಗೇರಿನ ಸೈಕಲ್‌ಗೆ 70ರಿಂದ 150 ಯೂರೋ ತೆಗೆದಿಡಿ. ಆಗಸ್ಟ್ ಕೊನೆ, ಸೆಪ್ಟೆಂಬರ್‌ನಲ್ಲಿ ಕಾಲೇಜು ಶುರುವಾಗುವಾಗ ಡೆಲ್ಫ್ಟ್, ಲೈಡನ್, ಖ್ರೋನಿಂಗನ್‌ನಂಥ ವಿದ್ಯಾರ್ಥಿಗಳ ಊರುಗಳಲ್ಲಿ ಬೆಲೆ ಏರುತ್ತದೆ. ಆಗ ರೈಲಿನಲ್ಲಿ ಇಪ್ಪತ್ತು ನಿಮಿಷ ದೂರದ ಸಣ್ಣ ಊರಿನ ಜಾಹೀರಾತು ನೋಡಿ. ಎರಡು-ಮೂರು ವರ್ಷ ಬಳಸಿ ಮಾರುತ್ತಿರುವ ಕುಟುಂಬದವರ ಗಾಡಿ ಎಲ್ಲಕ್ಕಿಂತ ಒಳ್ಳೆಯದು. ಒಬ್ಬನೇ ಹತ್ತಾರು ಸೈಕಲ್ ಹಾಕಿದ್ದರೆ ಅವನು ವ್ಯಾಪಾರಿ. ಅದರಲ್ಲಿ ತಪ್ಪೇನಿಲ್ಲ, ಆದರೆ ಅಂಗಡಿಯ ವಿಳಾಸ ಕೇಳಿ. ಹಳೇ ಇ-ಬೈಕ್ ತಂಟೆಗೆ ಹೋಗಬೇಡಿ. ಬ್ಯಾಟರಿ ಸೋತಿದ್ದರೆ ಹೊಸದಕ್ಕೆ ಕೊಡುವ ದುಡ್ಡಿನಲ್ಲಿ ಎರಡು-ಮೂರು ಸಾದಾ ಸೈಕಲ್ ಬರುತ್ತವೆ.

ಎತ್ತರ ಸರಿಯಿಲ್ಲದಿದ್ದರೆ ಮಿಕ್ಕದ್ದೆಲ್ಲ ವ್ಯರ್ಥ

ಡಚ್ಚರು ಎತ್ತರದವರು, ಸೈಕಲ್ಲೂ ಎತ್ತರವೇ. ಹೆಂಗಸರ ಸೈಕಲ್ಲೇ 57 ಸೆಂಟಿಮೀಟರ್ ಫ್ರೇಮಿನದು (ಪೆಡಲ್ ಅಚ್ಚಿನಿಂದ ಸೀಟಿನ ಕೊಳವೆಯ ಮೇಲ್ತುದಿವರೆಗಿನ ಅಳತೆ) ಬಹಳ. ಗೋಡೆಗೆ ಬೆನ್ನು ಕೊಟ್ಟು, ಬರಿಗಾಲಲ್ಲಿ ನಿಂತು, ಒಂದು ದಪ್ಪ ಪುಸ್ತಕವನ್ನು ತೊಡೆಸಂದಿಗೆ ತಾಗುವಂತೆ ಹಿಡಿದು, ಅದರ ಮೇಲಂಚಿನಿಂದ ನೆಲದವರೆಗೆ ಅಳೆಯಿರಿ. ಆ ಅಳತೆಯನ್ನು 0.66ರಿಂದ ಗುಣಿಸಿದರೆ ನಿಮಗೆ ಹೊಂದುವ ಫ್ರೇಮ್ ಸಿಗುತ್ತದೆ. ಕಾಲಿನಳತೆ 80 ಸೆಂಟಿಮೀಟರ್ ಇದ್ದರೆ ಸುಮಾರು 53. ಐದಡಿ ಎರಡಂಗುಲದ ಹೆಂಗಸಿಗೆ 48-50ರ ಫ್ರೇಮ್ ಬೇಕು. ದೊಡ್ಡವರ ವಿಭಾಗದಲ್ಲಿ ಅದು ಸುಲಭಕ್ಕೆ ಸಿಗುವುದಿಲ್ಲ. ಹಾಗಾಗಿ ಹುಡುಗ-ಹುಡುಗಿಯರ ವಿಭಾಗದಲ್ಲಿ 26 ಇಂಚು ಚಕ್ರದ ಸೈಕಲ್ ಹುಡುಕಿ. ಮಕ್ಕಳು ಬೆಳೆದು ಬಿಟ್ಟದ್ದರಿಂದ ಅವು ಹೆಚ್ಚು ಸವೆದಿರುವುದಿಲ್ಲ, ಬೆಲೆಯೂ ಕಡಿಮೆ. ಸಿಗ್ನಲ್‌ನಲ್ಲಿ ಕಾಲು ನೆಲಕ್ಕೆ ಎಟಕದೆ ಪಕ್ಕಕ್ಕೆ ವಾಲಿ ಬೀಳುವುದು ಹೊಸಬರಿಗೆ ಆಗುವ ಸಾಮಾನ್ಯ ಅವಘಡ.

ಹಣದ ಮಾತು

ಕೊಳ್ಳುವ ಆಸೆ ತೋರಿಸಿ ಉದ್ದದ ಪತ್ರ ಬರೆಯಬೇಕಿಲ್ಲ. ಸೈಕಲ್ ಇನ್ನೂ ಇದೆಯೇ, ಬೀಗದ ಕೈ ಎಷ್ಟಿವೆ, ಫ್ರೇಮ್ ನಂಬರ್ ಕಳಿಸುತ್ತೀರಾ, ಇಂದು ಸಂಜೆ ಆರಕ್ಕೆ ಬಂದು ನೋಡಬಹುದೇ ಎಂದಿಷ್ಟು ಇಂಗ್ಲಿಷಿನಲ್ಲಿ ಕೇಳಿದರೆ ಸಾಕು. ಮುಂಗಡ ಕಳಿಸಿ, ಕೊರಿಯರ್‌ನಲ್ಲಿ ಕಳಿಸುತ್ತೇನೆ ಎನ್ನುವವರನ್ನು ಅಲ್ಲಿಗೇ ಬಿಡಿ. ಇನ್ನೊಂದು ಮೋಸ ಅಲ್ಲಿ ಹಳೆಯದು: 'ನೀವು ನಂಬಿಕಸ್ಥರೆಂದು ಖಾತ್ರಿಯಾಗಲು 1 ಸೆಂಟ್ ಕಳಿಸಿ' ಎಂದು ಲಿಂಕ್ ಬರುತ್ತದೆ. ಒತ್ತಿದರೆ ಬ್ಯಾಂಕಿನ ನಕಲಿ ಪುಟ ತೆರೆಯುತ್ತದೆ. ನೀವು ತುಂಬಿದ ವಿವರ ಕಳ್ಳರ ಕೈಗೆ ಹೋಗುತ್ತದೆ. ಅಲ್ಲಿನವರು ಪರಸ್ಪರ ಹಣ ಕೊಡಲು ಬಳಸುವ ಟಿಕ್ಕಿ, ಐಡೀಲ್‌ಗೆ ಅಲ್ಲಿನ ಬ್ಯಾಂಕ್ ಖಾತೆ ಬೇಕು. ಪ್ರವಾಸಿಗೆ ನೋಟೇ ಗತಿ. ಹತ್ತು, ಇಪ್ಪತ್ತರ ಚಿಲ್ಲರೆ ನೋಟು ಇಟ್ಟುಕೊಂಡು, ಹಗಲಲ್ಲಿ, ಸಾಧ್ಯವಾದರೆ ಮಾರುವವರ ಮನೆ ಬಾಗಿಲಲ್ಲೇ ನೋಡಿ. ರೈಲು ನಿಲ್ದಾಣದ ಹಿಂದೆ ಕತ್ತಲಾದ ಮೇಲೆ ಬನ್ನಿ ಎಂದರೆ ಬೇಡ ಎನ್ನಿ.

ಬೀಗದ ಕೈ, ಫ್ರೇಮ್ ನಂಬರ್

ಡಚ್ ಸೈಕಲ್‌ನ ಸೀಟಿನ ಕೆಳಗೆ, ಹಿಂದಿನ ಚಕ್ರವನ್ನು ತಬ್ಬಿದಂತೆ ಕುದುರೆ ಲಾಳದ ಆಕಾರದ ಬೀಗವೊಂದು ಫ್ರೇಮಿಗೇ ಬಿಗಿದಿರುತ್ತದೆ. ಸಣ್ಣ ಗುಬುಟು ಕೆಳಕ್ಕೆ ಒತ್ತಿದರೆ ಕಂಬಿ ಕಡ್ಡಿಗಳ ನಡುವೆ ತೂರಿ ಚಕ್ರ ನಿಲ್ಲುತ್ತದೆ. ಬೀಗ ತೆರೆದಿರುವಷ್ಟು ಹೊತ್ತೂ ಕೀ ಅದರಲ್ಲೇ ಸಿಕ್ಕಿಕೊಂಡಿರುತ್ತದೆ. ಹಾಕಿದಾಗ ಮಾತ್ರ ಕೈಗೆ ಬರುತ್ತದೆ. ಆದ್ದರಿಂದ ಕೀ ಇಲ್ಲದೆ ತೆರೆದು ನಿಂತ ಬೀಗ, ಒಡೆದ ಬೀಗ, ಬೀಗ ಕಿತ್ತ ಜಾಗದಲ್ಲಿ ಹೊಸದಾಗಿ ಕಾಣುವ ಪೇಂಟ್ ಕಂಡರೆ ವ್ಯಾಪಾರ ಅಲ್ಲಿಗೇ ನಿಲ್ಲಿಸಿ. ಹೊಸ ಬೀಗಕ್ಕೆ ಎರಡು ಕೀ ಕೊಟ್ಟಿರುತ್ತಾರೆ. ಎರಡನೆಯದು ಕಳೆದಿರುವುದು ಸಹಜ. ಒಂದೂ ಇಲ್ಲದಿರುವುದು ಸಹಜವಲ್ಲ.

ಆಮೇಲೆ ಫ್ರೇಮ್ ನಂಬರ್. ಸೀಟಿನ ಕಂಬ ಇಳಿಯುವ ಫ್ರೇಮಿನ ಕೊಳವೆಯ ಮೇಲೆ, ಹ್ಯಾಂಡಲ್ ಕೆಳಗಿನ ಕೊಳವೆಯ ಮೇಲೆ ಅಥವಾ ಪೆಡಲ್ ಅಚ್ಚಿನ ತಳದಲ್ಲಿ ಒತ್ತಿರುತ್ತಾರೆ. ಕೊಳೆ ಕೂತಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಮೊಬೈಲ್ ಟಾರ್ಚನ್ನು ಅಡ್ಡಡ್ಡ ಹಿಡಿಯಿರಿ. ಅಕ್ಷರದ ಗುಂಡಿಗಳಿಗೆ ನೆರಳು ಬಿದ್ದು ಸ್ಪಷ್ಟ ಕಾಣುತ್ತದೆ. ಅರ ತಿಕ್ಕಿದ ಗುರುತಿದ್ದರೆ ಅದು ಕಳವಿನ ಗಾಡಿಯೇ ಎಂದುಕೊಳ್ಳಿ. ನಂಬರನ್ನು ಡಚ್ ಪೊಲೀಸರ 'ಸ್ಟಾಪ್‌ಹೇಲಿಂಗ್' ತಾಣದಲ್ಲಿ ಹಾಕಿದರೆ ಕಳವಿನ ದೂರು ಇದೆಯೇ ಎಂದು ತಿಳಿಯುತ್ತದೆ. ದೂರು ಇಲ್ಲವೆಂದ ಮಾತ್ರಕ್ಕೆ ಪೂರ್ತಿ ಖಾತ್ರಿಯಲ್ಲ, ಎಷ್ಟೋ ಜನ ದೂರನ್ನೇ ಕೊಡುವುದಿಲ್ಲ. ಹಾಗಾಗಿ ಕೀ ಮತ್ತು ನಂಬರ್ ಎರಡೂ ನೋಡಬೇಕು. ಕದ್ದದ್ದೆಂದು ಊಹಿಸಬಹುದಾಗಿದ್ದ ಮಾಲು ಕೊಳ್ಳುವುದು ಅಲ್ಲಿ ಅಪರಾಧ. ವೀಸಾ ಮೇಲೆ ಇರುವವರು ಈ ವಿಷಯದಲ್ಲಿ ಸ್ವಲ್ಪವೂ ಸಡಿಲ ಬಿಡಬಾರದು. ಆಮ್‌ಸ್ಟರ್‌ಡ್ಯಾಮ್‌ನ ಬೀದಿಯಲ್ಲಿ ಯಾರಾದರೂ 'ಸೈಕಲ್ ಬೇಕಾ, ಇಪ್ಪತ್ತು ಯೂರೋ' ಎಂದರೆ ತಿರುಗಿಯೂ ನೋಡದೆ ನಡೆಯಿರಿ.

ಗಾಡಿ ಪರೀಕ್ಷೆ

ಮೊದಲು ಹಿಂದಿನ ಚಕ್ರ, ಏಕೆಂದರೆ ದುಡ್ಡು ತಿನ್ನುವುದು ಅದೇ. ಚೈನು ಪೂರ್ತಿ ಮುಚ್ಚಿದ ಕವರ್, ಚಕ್ರದ ನಡುವಿನ ಹಬ್‌ನೊಳಗೇ ಗೇರು, ಹಬ್‌ನೊಳಗೇ ಬ್ರೇಕು. ಟೈರ್ ಬದಲಿಸಲು ಇವನ್ನೆಲ್ಲ ಬಿಚ್ಚಿ ಕಟ್ಟಬೇಕು. ಅಂಗಡಿಯಲ್ಲಿ ಹಿಂದಿನ ಟೈರ್ ಹಾಕಿಸಲು 40ರಿಂದ 60 ಯೂರೋ ಕೇಳಿದರೆ ಅಚ್ಚರಿಯಿಲ್ಲ. ನಮ್ಮೂರ ಪಂಕ್ಚರ್ ಅಂಗಡಿಯ ಲೆಕ್ಕ ಅಲ್ಲಿ ನಡೆಯದು. ಟೈರಿನ ಪಕ್ಕದ ಗೋಡೆ ಬಿರುಕು ಬಿಟ್ಟು ಒಳಗಿನ ದಾರ ಕಂಡರೆ ಅಷ್ಟು ಹಣ ಬೆಲೆಯಲ್ಲಿ ಇಳಿಸಿಕೊಳ್ಳಿ.

ಸೀಟು ಹಿಡಿದು ಹಿಂಬದಿ ಎತ್ತಿ ಚಕ್ರ ತಿರುಗಿಸಿ. ಫ್ರೇಮಿನ ಕೊಳವೆಗೂ ರಿಮ್‌ಗೂ ನಡುವಿನ ಅಂತರ ನೋಡುತ್ತಾ ಇರಿ. ಎರಡು-ಮೂರು ಮಿಲಿಮೀಟರ್ ಆಚೀಚೆ ಆದರೆ ಬೆಂಡ್ ತೆಗೆಸಿದರೆ ಸರಿಹೋಗುತ್ತದೆ. ಕಡ್ಡಿಗಳನ್ನು ಎರಡೆರಡಾಗಿ ಜೋಡಿಸಿ ಹಿಂಡುತ್ತಾ ಸುತ್ತು ಬನ್ನಿ. ಒಂದು ಕಡ್ಡಿ ಮುರಿದಿದ್ದರೆ ಅದರ ಭಾರ ಪಕ್ಕದವುಗಳ ಮೇಲೆ ಬಿದ್ದು ಅವೂ ಒಂದೊಂದಾಗಿ ಮುರಿಯುತ್ತವೆ. ಎರಡು ಮೂರು ಮುರಿದಿದ್ದರೆ ಆ ಗಾಡಿ ಬೇಡ.

ಪೆಡಲ್ ಬ್ರೇಕ್ ಇದ್ದರೆ ಎಡಗಡೆ ಹಬ್‌ನಿಂದ ಒಂದು ತಗಡಿನ ಪಟ್ಟಿ ಮುಂದೆ ಚಾಚಿ ಫ್ರೇಮಿಗೆ ಒಂದು ಪಟ್ಟಿಬಳೆಯಿಂದ ಬಿಗಿದಿರುತ್ತದೆ. ಅದರ ಬೋಲ್ಟ್ ಬಿಗಿಯಾಗಿದೆಯೇ ಎಂದು ಬೆರಳಲ್ಲಿ ಅಲ್ಲಾಡಿಸಿ. ಬ್ರೇಕ್ ಹಾಕಿದಾಗಿನ ಎಳೆತವನ್ನೆಲ್ಲ ತಡೆಯುವುದು ಈ ಪಟ್ಟಿ. ಅದು ಕಳಚಿದ್ದರೆ ಅಚ್ಚೇ ತಿರುಗಿ ಬ್ರೇಕ್ ಕೈಕೊಡುತ್ತದೆ. ಸೈಕಲ್ ಅಂಗಡಿಯವರು ಬಿಟ್ಟರೆ ಬೇರೆ ಯಾರೂ ಇದನ್ನು ನೋಡುವುದಿಲ್ಲ, ನೀವು ನೋಡಿ.

ಪೆಡಲ್ ತೋಳು ಹಿಡಿದು ಫ್ರೇಮಿನ ಕಡೆಗೂ ಹೊರಗೂ ಅಲುಗಿಸಿ. ಟಕ್ ಟಕ್ ಎಂದರೆ ಒಳಗಿನ ಬೇರಿಂಗ್ ಸವೆದಿದೆ ಅಥವಾ ತೋಳು ಸಡಿಲ. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ನೂಕಿದಾಗ ಹ್ಯಾಂಡಲ್ ಬುಡದಲ್ಲಿ ಕುಲುಕಬಾರದು. ಸೀಟಿನ ಕಂಬ ಮೇಲೆ ಕೆಳಗೆ ಆಗುತ್ತದೆಯೇ ಎಂದು ಅಲ್ಲೇ ಮಾಡಿ ನೋಡಿ. ಮಳೆಯ ದೇಶ, ತುಕ್ಕು ಹಿಡಿದು ಫ್ರೇಮಿಗೇ ಕಚ್ಚಿಕೊಂಡಿರುತ್ತದೆ. ಆಮೇಲೆ ಎತ್ತರ ಇಳಿಸುವ ಆಸೆ ಬಿಡಬೇಕಾಗುತ್ತದೆ.

ಇಷ್ಟಾದ ಮೇಲೆ ನೂರು ಮೀಟರ್ ಓಡಿಸಿ. ನಿಮ್ಮ ಚೀಲವನ್ನೋ ಜೊತೆಗಿರುವವರನ್ನೋ ಮಾರುವವರ ಹತ್ತಿರ ಬಿಟ್ಟು ಹೋದರೆ ಅವರಿಗೂ ಸಮಾಧಾನ. ಮೂರೂ ಗೇರಿನಲ್ಲಿ ಎದ್ದು ನಿಂತು ಒತ್ತಿ ತುಳಿಯಿರಿ. ನಡುವಿನ ಗೇರಿನಲ್ಲಿ ಮಾತ್ರ ಪೆಡಲ್ ಜಾರಿದರೆ ಸಾಮಾನ್ಯವಾಗಿ ಕೇಬಲ್ ಬಿಗಿತದ ಸಮಸ್ಯೆ. ಶಿಮಾನೊ ಕಂಪನಿಯ ನೆಕ್ಸಸ್ ಎಂಬ ಮೂರು ಗೇರಿನ ಹಬ್ ಆದರೆ ಎರಡನೇ ಗೇರಿಗೆ ಹಾಕಿ, ಹಿಂದಿನ ಅಚ್ಚಿನ ಬಲಗಡೆಯ ಪುಟ್ಟ ಕಿಂಡಿಯೊಳಗಿನ ಗುರುತು ಸರಿಯಾಗಿ ಕೂರುವವರೆಗೆ ಕೇಬಲ್‌ನ ತಿರುಪು ತಿರುಗಿಸಿದರೆ ಸರಿಹೋಗುತ್ತದೆ. ಗುರುತು ಕೂತ ಮೇಲೂ ಜಾರಿದರೆ ಒಳಗಿನ ಹಲ್ಲು ಸವೆದಿದೆ, ಕೊಳ್ಳಬೇಡಿ.

ಪೆಡಲ್ ಬ್ರೇಕಿನ ಗಾಡಿಗೆ ನಮ್ಮವರು ಮೊದಲ ದಿನ ತಡವರಿಸುತ್ತಾರೆ. ಊರಲ್ಲಿ ನಿಲ್ಲಿಸಿದಾಗ ಪೆಡಲನ್ನು ಹಿಂದಕ್ಕೆ ತಿರುಗಿಸಿ ಹತ್ತಲು ಅನುವಾಗುವಂತೆ ಇಟ್ಟುಕೊಳ್ಳುವ ಅಭ್ಯಾಸ. ಇಲ್ಲಿ ಹಿಂದಕ್ಕೆ ತಿರುಗದು. ನಿಲ್ಲುವ ಮೊದಲೇ ಬಲ ಪೆಡಲ್ ಮೇಲೆ-ಮುಂದೆ ಬರುವಂತೆ ಲೆಕ್ಕ ಹಾಕಿ ಬ್ರೇಕ್ ಒತ್ತಬೇಕು. ಖಾಲಿ ರಸ್ತೆಯಲ್ಲಿ ಅರ್ಧ ಗಂಟೆ ಅಭ್ಯಾಸ ಮಾಡಿ.

ಕೊಂಡ ದಿನವೇ ಮಾಡಬೇಕಾದ್ದು

ಮಾರಿದವರಿಂದ ಒಂದು ಚೀಟಿ ಬರೆಸಿಕೊಳ್ಳಿ: ತಾರೀಖು, ಬೆಲೆ, ಫ್ರೇಮ್ ನಂಬರ್, ಅವರ ಹೆಸರು, ಸಹಿ. ಜಾಹೀರಾತಿನ ಚಿತ್ರವನ್ನೂ ಮೊಬೈಲ್‌ನಲ್ಲಿ ಉಳಿಸಿಡಿ.

ಎರಡನೇ ಬೀಗ ಕೊಳ್ಳುವವರೆಗೆ ಸೈಕಲ್ಲನ್ನು ಹೊರಗೆ ಬಿಡಬೇಡಿ. ಲಾಳದ ಬೀಗ ಚಕ್ರವನ್ನು ಮಾತ್ರ ಹಿಡಿಯುತ್ತದೆ. ಗಾಡಿಯನ್ನೇ ಎತ್ತಿ ವ್ಯಾನಿಗೆ ಹಾಕಿಕೊಂಡು ಹೋಗಬಹುದು. ಫ್ರೇಮಿನೊಳಗಿಂದ ಹಾಯಿಸಿ ಕಂಬಕ್ಕೋ ಸ್ಟ್ಯಾಂಡಿಗೋ ಕಟ್ಟುವ ದಪ್ಪ ಚೈನ್ ಬೀಗಕ್ಕೆ 30ರಿಂದ 50 ಯೂರೋ ಇಟ್ಟುಕೊಳ್ಳಿ. 90 ಯೂರೋ ಸೈಕಲ್‌ಗೆ 40 ಯೂರೋ ಬೀಗವೇ ಎಂದು ಜಿಪುಣತನ ಬೇಡ. ಆ ಬೀಗವೂ ಕೊನೆಗೆ ಸೈಕಲ್ ಜೊತೆ ಮಾರಾಟವಾಗುತ್ತದೆ.

ಕತ್ತಲಲ್ಲಿ ಮುಂದೆ ಬಿಳಿ ಅಥವಾ ಹಳದಿ, ಹಿಂದೆ ಕೆಂಪು ದೀಪ ಕಡ್ಡಾಯ, ಇಲ್ಲದಿದ್ದರೆ ದಂಡ. ಡೈನಮೋ ಕೆಟ್ಟಿದ್ದರೆ ಕ್ಲಿಪ್ ದೀಪ ಸಾಕು. ಎದೆಗೂ ಬೆನ್ನಿಗೂ ಸಿಕ್ಕಿಸಿಕೊಳ್ಳಬಹುದು, ಮಿನುಗುವ ದೀಪ ಮಾತ್ರ ಆಗದು. ಬೆಲ್ಲೂ ಇರಬೇಕು. 2019ರ ಜುಲೈನಿಂದ ಸೈಕಲ್ ತುಳಿಯುತ್ತಾ ಮೊಬೈಲ್ ಕೈಯಲ್ಲಿ ಹಿಡಿಯುವುದೂ ನಿಷಿದ್ಧ.

ಟೈರಿಗೆ 3ರಿಂದ 4 ಬಾರ್ (ಒತ್ತಡದ ಅಳತೆ) ಗಾಳಿ. ವಾಲ್ವ್ ನಮ್ಮೂರ ಸೈಕಲ್‌ನಂಥದ್ದೇ, ಕಾಣುತ್ತಲೇ ಗುರುತು ಸಿಗುತ್ತದೆ. ಆದರೆ ಟ್ಯೂಬ್ ಕೊಳ್ಳುವಾಗ 'ಇಪ್ಪತ್ತೆಂಟು ಇಂಚು' ಎಂದು ಮಾತ್ರ ಹೇಳಿದರೆ ಎಡವಟ್ಟಾಗುತ್ತದೆ. ಅಲ್ಲಿನ ಬಹುಪಾಲು ಸೈಕಲ್‌ನ 28 ಎಂದರೆ 622 ಮಿಲಿಮೀಟರ್ ರಿಮ್. ಹಳೇ ಅಜ್ಜಿ ಸೈಕಲ್‌ಗಳ 28, ನಮ್ಮ ಹಾಲಿನವರ ದೊಡ್ಡ ಸೈಕಲ್‌ನಂತೆ, 635. ಟೈರ್ ಗೋಡೆಯ ಮೇಲೆ 37-622 ಅಥವಾ 40-635 ಎಂದು ಬರೆದಿರುವುದನ್ನು ಫೋಟೊ ತೆಗೆದು ಅಂಗಡಿಯಲ್ಲಿ ತೋರಿಸಿ. ಹಿಂದಿನ ಚಕ್ರ ಪಂಕ್ಚರ್ ಆದರೆ ಚಕ್ರ ಬಿಚ್ಚಬೇಕಿಲ್ಲ. ಸೈಕಲ್ಲನ್ನು ತಲೆಕೆಳಗಾಗಿಸಿ, ಚೈನ್ ಇಲ್ಲದ ಎಡಬದಿಯಿಂದ ಟೈರ್ ಸಡಿಲಿಸಿ, ಟ್ಯೂಬ್ ಎಳೆದು, ತೇಪೆ ಹಾಕಿ ಒಳಗೆ ಸೇರಿಸಿ. ಅಲ್ಲಿನ ಶಾಲೆ ಮಕ್ಕಳೂ ಹೀಗೇ ಮಾಡುತ್ತಾರೆ.

ನಿಲ್ಲಿಸುವ ಜಾಗ ನೋಡಿಕೊಳ್ಳಿ. ನಿಷೇಧವಿರುವ ಕಡೆ ನಿಂತದ್ದನ್ನು ನಗರಸಭೆಯವರು ಬೀಗ ಕತ್ತರಿಸಿ ಡಿಪೊಗೆ ಒಯ್ಯುತ್ತಾರೆ. ಬಿಡಿಸಿಕೊಳ್ಳಲು ಹಣವೂ ಕಟ್ಟಬೇಕು, ಕೀ ಕೂಡ ತೋರಿಸಬೇಕು. ಊಟ್ರೆಖ್ಟ್ ನಿಲ್ದಾಣದ ಕೆಳಗೆ 12,500 ಸೈಕಲ್ ಹಿಡಿಸುವ ತಂಗುದಾಣವಿದೆ, ಮೊದಲ 24 ಗಂಟೆ ಉಚಿತ. ರೈಲಿನಲ್ಲಿ ಒಯ್ಯಲು ಸೈಕಲ್‌ಗೆ ಬೇರೆ ಟಿಕೆಟ್ ಬೇಕು. ವಾರದ ದಿನಗಳಲ್ಲಿ ಬೆಳಿಗ್ಗೆ 6.30ರಿಂದ 9, ಸಂಜೆ 4ರಿಂದ 6.30 ಒಯ್ಯುವಂತಿಲ್ಲ, ಜುಲೈ, ಆಗಸ್ಟ್‌ನಲ್ಲಿ ಈ ನಿರ್ಬಂಧವಿಲ್ಲ.

ಮಾರಿ ಬರುವುದು

ವಿಮಾನಕ್ಕೆ ಒಂದು ವಾರ ಇರುವಾಗಲೇ ಜಾಹೀರಾತು ಹಾಕಿ. ಗಾಡಿ ತೊಳೆದು, ಗಾಳಿ ಹೊಡೆದು, ಹಗಲಲ್ಲಿ ಬಲಬದಿಯಿಂದ ಒಂದು, ಬೀಗದಲ್ಲಿ ಕೀ ಕಾಣುವಂತೆ ಒಂದು, ಫ್ರೇಮಿನ ಅಳತೆ ತೋರಿಸುವ ಟೇಪಿನ ಜೊತೆ ಒಂದು ಫೋಟೊ. ಕೊಂಡ ಬೆಲೆಯನ್ನೇ ಹಾಕಿ. ಚೌಕಾಸಿಯಲ್ಲಿ ಹತ್ತಿಪ್ಪತ್ತು ಯೂರೋ ಇಳಿಯುತ್ತದೆ. ಕೊನೆಯ ಎರಡು ದಿನದವರೆಗೂ ಹೋಗದಿದ್ದರೆ ಮೂರನೇ ಒಂದು ಭಾಗ ಇಳಿಸಿ, ಇಲ್ಲವೇ ಅದೇ ತಿಂಗಳು ಊರಿನಿಂದ ಬರುವ ಕನ್ನಡಿಗ ಕುಟುಂಬ ಯಾವುದೆಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ವಿಚಾರಿಸಿ. ಕೊಡುವಾಗ ಎರಡೂ ಬೀಗದ ಕೀ, ನಿಮಗೆ ಸಿಕ್ಕ ಚೀಟಿ, ನೀವು ಬರೆದ ಹೊಸ ಚೀಟಿ ಒಟ್ಟಿಗೆ ಕೊಡಿ. ಚೈನ್ ಬೀಗದ ಕೀ ಮನೆಯಲ್ಲೇ ಮರೆತು ವಿಮಾನ ಹತ್ತುವವರು ಬಹಳ. ಸೈಕಲ್ ಹೊರಗೆ ಒಯ್ಯುವಾಗಲೇ ಅದನ್ನು ಜೇಬಿಗೆ ಹಾಕಿಕೊಳ್ಳಿ.