ಚೆಲ್ಲಾಪಿಲ್ಲಿಯಾದ ಫೋಟೋಗಳನ್ನು ಜೋಡಿಸುವುದು ಹೇಗೆ?

ಅಳಿಸುವುದರಿಂದ ಶುರು ಮಾಡಬೇಡಿ. ಫೋನು, ಹಳೆಯ ಲ್ಯಾಪ್‌ಟಾಪ್, ಪೆನ್‌ಡ್ರೈವ್, ಮೆಮೊರಿ ಕಾರ್ಡುಗಳಲ್ಲಿ ಇರುವುದೆಲ್ಲವನ್ನೂ ಮೊದಲು ಒಂದೇ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿ. ಒಂದೊಂದು ಮೂಲಕ್ಕೆ ಒಂದೊಂದು ಫೋಲ್ಡರ್ ಇರಲಿ. ಕಟ್ ಮಾಡಿ ಪೇಸ್ಟ್ ಮಾಡುವುದು ಬೇಡ. ನಡುವೆ ಕೇಬಲ್ ಕಳಚಿದರೆ ಯಾವುದು ಎಲ್ಲಿ ಉಳಿಯಿತೆಂದು ಹುಡುಕುತ್ತಾ ಕೂರಬೇಕಾಗುತ್ತದೆ. ಹೀಗೆ ಕೂಡಿಸಿದ್ದರ ಇನ್ನೊಂದು ಪ್ರತಿಯನ್ನು ಬೇರೆ ಡಿಸ್ಕಿಗೆ ತೆಗೆದು, ಬಿಚ್ಚಿ ಎತ್ತಿಡಿ. ಕ್ಲೌಡ್ ಸಿಂಕ್ ಇದೆಯಲ್ಲ ಎಂದು ಸುಮ್ಮನಿರಬೇಡಿ: ಸಿಂಕ್‌ನಲ್ಲಿ ಒಂದು ಕಡೆ ಅಳಿಸಿದ್ದು ಎಲ್ಲ ಕಡೆಯೂ ಅಳಿಯುತ್ತದೆ.

ಮುಂದಿನದು ನಕಲುಗಳು. ಡ್ಯೂಪ್‌ಗುರುವಿನಂಥ ತಂತ್ರಾಂಶದಲ್ಲಿ ಫೈಲಿನ ಒಳಗಿರುವುದನ್ನೇ ಹೋಲಿಸುವ ಆಯ್ಕೆಯನ್ನು ಬಳಸಿ. ಹೆಸರು ನೋಡಿ ನಿರ್ಧರಿಸಿದರೆ ಕೆಟ್ಟಿರಿ. ಅನೇಕ ಕ್ಯಾಮೆರಾಗಳ ಕ್ರಮಸಂಖ್ಯೆ 9999 ಮುಟ್ಟಿ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಹಾಗಾಗಿ ಒಂದೇ ಹೆಸರಿನಲ್ಲಿ ಎರಡು ಬೇರೆ ಫೋಟೋಗಳು ಇರಬಹುದು. 'ರಿಪ್ಲೇಸ್' ಒತ್ತಿದಿರೋ, ಒಂದು ಹೋಯಿತು. ಬರೀ 'ಒಂದೇ ಥರ ಕಾಣುವ' ಚಿತ್ರಗಳನ್ನಂತೂ ತಂತ್ರಾಂಶದ ತೀರ್ಮಾನಕ್ಕೆ ಬಿಡಲೇಬೇಡಿ, ಕಣ್ಣಾರೆ ನೋಡಿ. ಮೂಲವೂ ವಾಟ್ಸಾಪ್ ಪ್ರತಿಯೂ ಎರಡೂ ಇದ್ದರೆ ಪಿಕ್ಸೆಲ್ ಹೆಚ್ಚಿರುವುದನ್ನು ಉಳಿಸಿಕೊಳ್ಳಿ.

ನಿಜವಾದ ತಲೆನೋವು ದಿನಾಂಕದ್ದು. ಕಂಪ್ಯೂಟರ್ ತೋರಿಸುವ ಫೈಲ್ ದಿನಾಂಕ ಕಾಪಿ ಮಾಡಿದಾಗ, ಎಡಿಟ್ ಮಾಡಿದಾಗ ಬದಲಾಗಬಹುದು. ನಂಬಬೇಕಾದ್ದು ಫೋಟೋದೊಳಗೆ ಕ್ಯಾಮೆರಾ ಬರೆದಿಟ್ಟ ಎಕ್ಸಿಫ್ ದಿನಾಂಕ. ಅದೂ ಕೈಕೊಡುವುದುಂಟು. ವಾಟ್ಸಾಪ್‌ನಲ್ಲಿ ಫೋಟೋ ಎಂದೇ ಕಳಿಸಿದ ಚಿತ್ರಗಳಲ್ಲಿ ಎಕ್ಸಿಫ್ ಉಳಿದಿರುವುದಿಲ್ಲ. ಆಂಡ್ರಾಯ್ಡ್ ಫೋನಿನಲ್ಲಾದರೆ ಫೈಲಿನ ಹೆಸರಿನಲ್ಲಿ 20210314 ಎಂಬಂಥ ಎಂಟು ಅಂಕಿಗಳಲ್ಲಿ ದಿನಾಂಕ ಸಿಗುತ್ತದೆ. ಎಕ್ಸಿಫ್‌ಟೂಲ್ ಎಂಬ ತಂತ್ರಾಂಶ ಆ ಅಂಕಿಗಳನ್ನು ಓದಿ ಫೋಟೋದೊಳಕ್ಕೆ ಬರೆಯಬಲ್ಲದು. ಆದರೆ ಅದು ಚಿತ್ರ ಬಂದ ದಿನ, ತೆಗೆದ ದಿನವೇ ಆಗಿರಬೇಕಿಲ್ಲ. ಸ್ಕ್ಯಾನ್ ಮಾಡಿದ ಹಳೆಯ ಚಿತ್ರಗಳಲ್ಲಿ ಇರುವುದು ಸ್ಕ್ಯಾನ್ ಆದ ದಿನ, ಅದನ್ನು ಕೈಯಾರೆ ತಿದ್ದಬೇಕು.

ಬ್ಯಾಟರಿ ಪೂರ್ತಿ ಇಳಿದ ಹಳೆಯ ಕ್ಯಾಮೆರಾದ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ಸರಿಯಾದ ಹೊತ್ತು ಗೊತ್ತಿರುವ ಒಂದು ಫೋಟೋ ಹಿಡಿದು ವ್ಯತ್ಯಾಸ ಲೆಕ್ಕಹಾಕಿ. ಗಡಿಯಾರ ಮತ್ತೆ ಬದಲಾಗುವವರೆಗೆ ಆ ಕ್ಯಾಮೆರಾದಲ್ಲಿ ತೆಗೆದ ಫೋಟೋಗಳಿಗೆಲ್ಲ ಅಷ್ಟೇ ಕೂಡಿಸಿ. ಎಕ್ಸಿಫ್‌ಟೂಲ್ ಇದನ್ನು ಒಂದೇ ಆದೇಶದಲ್ಲಿ ಮಾಡುತ್ತದೆ. ಮೊದಲು ಹತ್ತು ಫೋಟೋಗಳ ಮೇಲೆ ಪ್ರಯೋಗಿಸಿ ನೋಡಿ.

ದಿನಾಂಕ ಸರಿಹೋದ ಮೇಲೆ ಉಳಿದದ್ದು ಸಲೀಸು. ವರ್ಷಕ್ಕೊಂದು ಫೋಲ್ಡರ್, ಅದರೊಳಗೆ '2021-03-14 ಮದುವೆ' ಎಂಬ ರೀತಿಯಲ್ಲಿ ಸಂದರ್ಭಕ್ಕೊಂದು. ವರ್ಷ, ತಿಂಗಳು, ದಿನ ಇದೇ ಕ್ರಮದಲ್ಲಿದ್ದರೆ ಹೆಸರಿನ ಪ್ರಕಾರ ಜೋಡಿಸಿದಾಗ ಕಾಲಾನುಕ್ರಮ ತಾನಾಗಿ ಬರುತ್ತದೆ. ಇದಕ್ಕಿಂತ ಆಳಕ್ಕೆ ಫೋಲ್ಡರ್ ಮಾಡುವುದು ದಂಡ. ಹೆಸರು ಬದಲಿಸುವಾಗ ಒಂದೇ ಚಿತ್ರದ ರಾ (ಕ್ಯಾಮೆರಾದ ಕಚ್ಚಾ ಫೈಲ್) ಮತ್ತು ಜೆಪೆಗ್, ಐಫೋನಿನ ಲೈವ್ ಫೋಟೋ ಮತ್ತು ಅದರ ಪುಟ್ಟ ವಿಡಿಯೋ, ಇಂಥ ಜೋಡಿಗಳು ಒಂದೇ ಹೆಸರಿನಲ್ಲಿ ಉಳಿಯಲಿ.

ಯಾರಿದ್ದಾರೆ, ಎಲ್ಲಿ ಎಂಬುದಕ್ಕೆ ಟ್ಯಾಗ್, ಅಂದರೆ ಫೋಟೋಗೆ ಅಂಟಿಸುವ ಗುರುತುಪದ, ಸಾಕು. ಫೋಟೋ ಜೋಡಿಸುವ ತಂತ್ರಾಂಶವಾದ ಡಿಜಿಕ್ಯಾಮ್‌ನಲ್ಲಿ ಟ್ಯಾಗುಗಳನ್ನು ಫೋಟೋದೊಳಗೇ ಬರೆಯುವ ಆಯ್ಕೆ ಆನ್ ಇದೆಯೇ ನೋಡಿಕೊಳ್ಳಿ. ಇಲ್ಲವಾದರೆ ಅವು ಅದರ ಡೇಟಾಬೇಸಿನಲ್ಲಷ್ಟೇ ಇದ್ದು, ಬೇರೆ ತಂತ್ರಾಂಶಕ್ಕೆ ಹೋದಾಗ ಕಾಣುವುದಿಲ್ಲ.

ಮಸುಕಾದವು, ಸ್ಕ್ರೀನ್‌ಶಾಟ್‌ಗಳನ್ನು ಈಗ ಅಳಿಸಬಹುದು. ಎತ್ತಿಟ್ಟ ಡಿಸ್ಕನ್ನು ಮಾತ್ರ ಕೆಲವು ತಿಂಗಳು ಮುಟ್ಟಬೇಡಿ.